ಆಲ್ಬರ್ಟಾಕ್ಕೆ ಹೋಗುವವರಿಗೆ ಬರೆದುಕೊಟ್ಟ ಹಾಳೆಗಳು

ಅಮೆರಿಕದ ನೋವೈ ಎಂಬ ಊರಿನಲ್ಲಿ ನಮ್ಮ ಬಡಾವಣೆಯ ಮನೆಗಳ ಮುಂದೆ ಮಾರಾಟದ ಫಲಕಗಳು ಒಂದೊಂದಾಗಿ ಎದ್ದ ಚಳಿಗಾಲದಲ್ಲಿ ನಾನು ನಾಲ್ಕು ಹಾಳೆಗಳ ಒಂದು ಟಿಪ್ಪಣಿ ಬರೆದೆ. ಕೆನಡಾದ ಪಶ್ಚಿಮದಲ್ಲಿರುವ ಆಲ್ಬರ್ಟಾ ಪ್ರಾಂತ್ಯಕ್ಕೆ ಹೋಗುವವರು ಅಲ್ಲಿಯ ಜನರ ನಡುವೆ ಹೇಗೆ ನಡೆದುಕೊಳ್ಳಬೇಕು ಎಂಬುದು ಅದರ ವಿಷಯ. ಬರೆದುಕೊಡಿ ಎಂದು ಕೇಳಿದವರು ನಮ್ಮ ಕನ್ನಡದವರೇ. ಕಾರು ಕಂಪನಿಗಳಲ್ಲಿ, ಅವುಗಳಿಗೆ ಬಿಡಿಭಾಗ ಮಾಡಿಕೊಡುವ ಕಾರ್ಖಾನೆಗಳಲ್ಲಿ, ಶುಕ್ರವಾರ ಬಂತೆಂದರೆ ಯಾರನ್ನಾದರೂ ಒಳಗೆ ಕರೆದು ನಿಮಗೆ ಕೆಲಸವಿಲ್ಲ ಎನ್ನುತ್ತಿದ್ದರು. ವೀಸಾದ ಮೇಲೆ ಇದ್ದವರಿಗೆ ಕೆಲಸ ಹೋದರೆ ದೇಶದಲ್ಲಿ ಉಳಿಯುವ ಹಕ್ಕೂ ಹೋದಂತೆ. ಆಲ್ಬರ್ಟಾದಲ್ಲಿ ಎಣ್ಣೆ ಬಾವಿಗಳಿವೆ, ಅಲ್ಲಿ ಇನ್ನೂ ಎಂಜಿನಿಯರುಗಳು ಬೇಕಂತೆ ಎಂಬ ಸುದ್ದಿ ದೇವಸ್ಥಾನದ ಊಟದ ಹಾಲ್‌ನಲ್ಲಿ ಪಂಕ್ತಿಯಿಂದ ಪಂಕ್ತಿಗೆ ಹೋಗುತ್ತಿತ್ತು. ಮದುವೆಗೆ ಮೊದಲು ನಾನು ಮೂರು ವರ್ಷ ಅಲ್ಲಿ ಓದಿದ್ದೆ. ಹಾಗಾಗಿ ಈ ವಿಷಯಕ್ಕೆ ನಾನೇ ಪಂಡಿತೆ ಎಂದಾಯಿತು.

ಆ ಟಿಪ್ಪಣಿಯ ಒಂದು ಪ್ರತಿ ಈಗಲೂ ನನ್ನ ಬಳಿ ಇದೆ. ಯಾರ ಮನೆಗೆ ಹೋದರೂ ಬಾಗಿಲಲ್ಲೇ ಬೂಟು ಬಿಡಿ, ಈ ವಿಷಯದಲ್ಲಿ ಅವರು ನಮಗೆ ಹತ್ತಿರ, ಆದರೆ ತೂತಿಲ್ಲದ ಕಾಲುಚೀಲ ಹಾಕಿಕೊಂಡು ಹೋಗಿ ಎಂದು ಮೊದಲಲ್ಲೇ ಬರೆದಿದ್ದೆ. ಆರು ಗಂಟೆಗೆ ಬನ್ನಿ ಎಂದರೆ ಆರು ಗಂಟೆಯೇ; ಐದೂಮುಕ್ಕಾಲಿಗೆ ಮುಟ್ಟಿದರೆ ಕಾರಿನಲ್ಲೇ ಕೂತಿರಿ. ನೀವು ಅವರ ಕಾಲು ತುಳಿದರೂ ಅವರೇ ಸಾರಿ ಎನ್ನುತ್ತಾರೆ, ನೀವೂ ಅನ್ನಿ. ಊರಾಚೆಯ ರಸ್ತೆಯಲ್ಲಿ ಎದುರಿನ ಟ್ರಕ್ಕಿನವನು ಸ್ಟಿಯರಿಂಗ್ ಮೇಲಿಂದ ಒಂದು ಬೆರಳು ಎತ್ತಿದರೆ ಅದು ನಮಸ್ಕಾರ. ನೀವೂ ಎತ್ತಿ, ತೋರುಬೆರಳನ್ನು ಮಾತ್ರ. ನಿಲ್ಲಿಸಿದ ಕಾರಿನ ಮೂತಿಯಿಂದ ವೈರು ನೇತಾಡುತ್ತಿದ್ದರೆ ಗಾಬರಿಯಾಗಬೇಡಿ. ಚಳಿಯಲ್ಲಿ ಎಂಜಿನ್ ಬೆಚ್ಚಗಿರಲೆಂದು ಅದನ್ನು ಪ್ಲಗ್ಗಿಗೆ ಸಿಕ್ಕಿಸುತ್ತಾರೆ. ಅದು ದನ ಸಾಕುವ ನಾಡು. ಮಾಂಸ ತಿನ್ನುವುದಿಲ್ಲ ಎಂಬುದನ್ನು ಊಟಕ್ಕೆ ಕರೆದಾಗಲೇ ಹೇಳಿ, ತಟ್ಟೆಯ ಮುಂದೆ ಕೂತು ಹೇಳಬೇಡಿ. ಮೂಲನಿವಾಸಿಗಳ ಸಮಾರಂಭಕ್ಕೆ ಹೋದರೆ ಕೇಳದೆ ಫೋಟೋ ತೆಗೆಯಬೇಡಿ. ಕೆನಡಾದವರನ್ನು ಅಮೆರಿಕದವರ ಲೆಕ್ಕಕ್ಕೆ ಎಂದಿಗೂ ಸೇರಿಸಬೇಡಿ.

ಜನ ಮೆಚ್ಚಿದರು. ಈಮೇಲಿನಲ್ಲಿ ಅದು ಷಿಕಾಗೊದವರೆಗೂ ಹೋಯಿತು. ಗುರುತಿಲ್ಲದ ಒಬ್ಬ ಆಂಟಿ ಅಲ್ಲಿಂದ ಫೋನ್ ಮಾಡಿ, “ನೀವು ಒಂದು ಪುಸ್ತಕಾನೇ ಬರೀಬಹುದು ಕಣ್ರೀ” ಎಂದರು. ನನಗೆ ಹಿಗ್ಗಾಯಿತು. ಆ ಹಿಗ್ಗನ್ನೂ ಇಲ್ಲಿ ಹೇಳಬೇಕು, ಯಾಕೆಂದರೆ ಮುಂದೆ ಆದದ್ದರಲ್ಲಿ ಅದರ ಪಾಲೂ ಇದೆ.

ನಮ್ಮ ಹಿಂದಿನ ಬೀದಿಯಲ್ಲಿ ಹುಬ್ಬಳ್ಳಿ ಕಡೆಯ ಒಂದು ಸಂಸಾರವಿತ್ತು: ಗಂಡ, ಹೆಂಡತಿ, ಎಂಟನೇ ತರಗತಿಯ ಮಗಳು. ಗಂಡ ಪಕ್ಕದ ಊರು ವಿಕ್ಸಮ್‌ನ ಒಂದು ಸಣ್ಣ ಕಾರ್ಖಾನೆಯಲ್ಲಿ ತಯಾರಾದ ಬಿಡಿಭಾಗಗಳನ್ನು ಅಳೆದು ಒಪ್ಪುವ ಎಂಜಿನಿಯರ್. ಏಪ್ರಿಲ್ ಕೊನೆಗೆ ನಿಮ್ಮ ಕೆಲಸ ಮುಗಿಯುತ್ತದೆ ಎಂದು ಅವರಿಗೆ ಫೆಬ್ರವರಿಯಲ್ಲೇ ಪತ್ರ ಕೊಟ್ಟಿದ್ದರು. ಅಷ್ಟರೊಳಗೆ ಬೇರೆಲ್ಲಾದರೂ ಕೆಲಸ ಸಿಗದಿದ್ದರೆ ಮೂವರೂ ಮನೆ ಖಾಲಿ ಮಾಡಿ ಊರಿಗೆ ಮರಳಬೇಕು. ಅವರು ನೂರಾರು ಕಡೆ ಅಪ್ಲೈ ಮಾಡಿದ್ದರು. ಉತ್ತರ ಬಂದದ್ದು ಆಲ್ಬರ್ಟಾದ ಒಂದು ಚಿಕ್ಕ ಊರಿನಿಂದ, ಎಣ್ಣೆ ಬಾವಿಗಳ ಯಂತ್ರಕ್ಕೆ ಬಿಡಿಭಾಗ ಮಾಡುವ ಕಾರ್ಖಾನೆಯ ಮಾಲೀಕನಿಂದ, ಅದೊಂದೇ. ಫೋನಿನಲ್ಲಿ ಎರಡು ಸಲ ಮಾತಾಡಿ, ಬಂದು ಎರಡು ದಿನ ನಮ್ಮ ಜೊತೆ ಇದ್ದು ನೋಡಿ ಎಂದು ಆತ ಕರೆದಿದ್ದ.

ಹೊರಡುವ ಹಿಂದಿನ ಭಾನುವಾರ ಅವರ ಮನೆಗೆ ಹೋಗಿ ಹಾಳೆಗಳನ್ನು ಕೊಟ್ಟೆ. ಹೆಂಡತಿ ನಿಂತಲ್ಲೇ ಪೂರ್ತಿ ಓದಿದರು.

“ಅಕ್ಕಾರ, ಇಷ್ಟೆಲ್ಲಾ ಬರದೀರಿ. ಮಂದಿ ಮನಸು ಹ್ಯಾಂಗ ಅನ್ನೂದು ಬರದೇ ಇಲ್ಲಲ್ರೀ.”

“ಮನಸು ನಾಕ ಹಾಳ್ಯಾಗ ಹಿಡೀತದೇನ ಹುಚ್ಚಿ?” ಎಂದರು ಗಂಡ. “ಮೊದಲ ಕಾಲುಚೀಲದ್ದು ನೋಡು. ನನ್ನವು ಎಲ್ಲಾ ಹೆಬ್ಬೆಟ್ಟಿನ ಕಡೆ ಹರದಾವ.”

“ಡ್ಯಾಡ್, ಜಸ್ಟ್ ಬೈ ನ್ಯೂ ಒನ್ಸ್,” ಎಂದಳು ಮಗಳು, ತಲೆ ಎತ್ತದೆ.

“ನೌಕರಿ ಸಿಗಲಿ, ಡಜನ್ ತರ್ತೀನಿ” ಎಂದು ನಕ್ಕವರು, ನನ್ನ ಕಡೆ ತಿರುಗಿ ಗಂಭೀರವಾದರು. “ಅಕ್ಕಾರ, ಒಂದು ಕೇಳ್ತೀನಿ. ಅವರು ಏನರೆ ಕೊಡ್ತೀವಿ ಅಂದ್ರ ಹ್ಯಾಂಗ ಮಾಡೂದ್ರಿ? ಒಮ್ಮೆಲೆ ಹ್ಞೂಂ ಅಂದ್ರ, ಏನಪಾ ಇವಾ ಬಾಯಿ ತಕ್ಕೊಂಡ ಕುಂತಿದ್ದಾ ಅನ್ನಂಗಿಲ್ಲೇನು?”

ಇಡೀ ಟಿಪ್ಪಣಿಗಿಂತ ಮುಖ್ಯವಾದ ಪ್ರಶ್ನೆ ಅದು. ನಾನು ಅರೆಕ್ಷಣ ತಡೆದೆ. ತಡೆದದ್ದು ನನಗೆ ಚೆನ್ನಾಗಿ ನೆನಪಿದೆ. ಆಮೇಲೆ ಹೇಳಿದೆ: “ಅವರೂ ನಮ್ಮ ಥರಾನೇ ಸಂಕೋಚದ ಜನ. ಆತುರ ತೋರಿಸಬೇಡಿ, ಅಷ್ಟೇ. ನಿಮ್ಮ ಮೇಲೆ ಗೌರವ ಬರುತ್ತೆ.”

ಅವರು ಅದನ್ನು ನಾಲ್ಕನೇ ಹಾಳೆಯ ಕೆಳಗೆ ಪೆನ್ನಿನಲ್ಲಿ ಬರೆದುಕೊಂಡರು.

ಗುರುವಾರ, ಶುಕ್ರವಾರ ಗಂಡ ಒಬ್ಬರೇ ಆಲ್ಬರ್ಟಾದಲ್ಲಿದ್ದರು. ಶನಿವಾರ ಬಂದರು. ಭಾನುವಾರ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಗಂಡ ಹೆಂಡತಿ ಇಬ್ಬರೂ ನಮ್ಮ ಅಡುಗೆಮನೆಯ ಮೇಜಿನ ಮುಂದೆ ಕೂತಿದ್ದರು. ನಾನು ಉಪ್ಪಿಟ್ಟು ಮಾಡಿ ಕಾಫಿ ಸೋಸುತ್ತಿದ್ದೆ. ಗಂಡ ಖುಷಿಯಾಗಿದ್ದರು. ಕಾರ್ಖಾನೆ ಚೊಕ್ಕಟವಾಗಿತ್ತಂತೆ. ಅಳತೆಯ ಯಂತ್ರವೊಂದು ತಪ್ಪು ತೋರಿಸುತ್ತಿದ್ದುದನ್ನು ಇವರು ಮೊದಲ ದಿನವೇ ಹಿಡಿದರಂತೆ. ಮಾಲೀಕ ಶುಕ್ರವಾರ ಸಂಜೆ ಮನೆಗೆ ಊಟಕ್ಕೆ ಕರೆದನಂತೆ.

“ಆರಕ್ಕ ಅಂದ್ರ ಆರಕ್ಕ ಗಂಟಿ ಒತ್ತಿದೆ ನೋಡ್ರಿ. ಬೂಟು ಬಾಗಲದಾಗ. ಅವರ ಮನಿಯಾಕಿ ನನ್ನ ಸಲುವಾಗಿ ಬ್ಯಾರೆನ ಆಲೂಗಡ್ಡಿ, ಬೀನ್ಸು, ಚೀಸು ಎಲ್ಲಾ ಹಾಕಿ ಬೇಯಿಸಿದ್ರು. ಭಾರಿ ರುಚಿ. ಒಂದ ಸಣ್ಣ ತುಣುಕು ಹಾಕಿದ್ರು. ಇನ್ನಷ್ಟು ಹಾಕ್ಲೇನು ಅಂದ್ರು. ಬ್ಯಾಡ್ರಿ ಬ್ಯಾಡ್ರಿ ಅಂದೆ. ತಗದು ಒಳಗ ಇಟ್ಟೇ ಬಿಟ್ರಿ ಅಕ್ಕಾರ! ಹೋಟೆಲಿಗೆ ಬಂದು ಇಕಿ ಕಟ್ಟಿಕೊಟ್ಟ ಚೂಡಾ ತಿಂದೆ.”

“ಉಪಾಸ ಕೆಡವಿದ್ರು ಪಾಪ,” ಎಂದು ಹೆಂಡತಿ ನಕ್ಕರು.

ನಾನು ನಗಲಿಲ್ಲ. “ಕೆಲಸದ ವಿಷಯ ಏನಂದ್ರು?” ಎಂದು ಕೇಳಿದೆ.

“ಊಟ ಆದ ಮ್ಯಾಲೆ ಅಂದ್ರು, ಸೋಮವಾರ ಪತ್ರ ರೆಡಿ ಮಾಡ್ಲೇನು ಅಂತ. ಮನಿ ಸಿಗೂತನಕ ನಮ್ಮ ಬೇಸ್‌ಮೆಂಟಿನ್ಯಾಗ ಇರ್ರಿ, ಮಗಳಿಗೆ ಸಾಲಿ ಹತ್ರ ಆಗ್ತದ, ಏನಂತೀರಿ ಅಂದ್ರು. ನಾ ನೀವು ಹೇಳಿದ್ಹಂಗ ಆತುರ ತೋರಸಲಿಲ್ರಿ. ಇಲ್ಲ ಸರ್, ಅವಸರ ಏನಿಲ್ಲ, ನಿಮ್ಮ ಅನುಕೂಲ ನೋಡ್ಕೊಂಡು ಮಾಡೂಣು. ಬೇಸ್‌ಮೆಂಟ್ ಎಲ್ಲಾ ಬ್ಯಾಡ, ನಿಮಗ್ಯಾಕ ತೊಂದರಿ ಅಂದೆ.”

“ಅದಕ್ಕೆ?”

“ಫೇರ್ ಎನಫ್ ಅಂದ್ರು. ಆಮ್ಯಾಲೆ ಹಾಕಿ ಆಟದ ಸುದ್ದಿ ತಗದ್ರು. ಸೋಮವಾರ ಇನ್ನೊಮ್ಮೆ ಕೇಳ್ತಾರ, ಆವಾಗ ಹ್ಞೂಂ ಅಂತೀನಿ.”

ನಾನು ಕಾಫಿ ಪಾತ್ರೆಯನ್ನು ಕೆಳಗಿಟ್ಟೆ. ಮಾಲೀಕ ಇನ್ನೊಮ್ಮೆ ಕೇಳುವುದಿಲ್ಲ ಎಂದು ನನಗೆ ಗೊತ್ತಿತ್ತು. ಹೇಗೆ ಗೊತ್ತಿತ್ತು ಎಂಬುದನ್ನು ನಾನು ಅಲ್ಲಿಯವರೆಗೆ ಯಾರಿಗೂ ಹೇಳಿರಲಿಲ್ಲ.

ಆಲ್ಬರ್ಟಾದಲ್ಲಿ ನಾನು ಇಳಿದ ಮೊದಲ ದಿನ, ತಮ್ಮ ಮನೆಯ ಬೇಸ್‌ಮೆಂಟಿನಲ್ಲಿ ಬಾಡಿಗೆ ಕೋಣೆ ಕೊಟ್ಟಿದ್ದ ವಯಸ್ಸಾದ ಹೆಂಗಸು ಒಂದು ಬಟ್ಟಲು ಬಿಸಿ ಸೂಪು ಹಿಡಿದು ಬಾಗಿಲಿಗೆ ಬಂದರು. ತರಕಾರಿಯದು, ಕುಡಿಯುತ್ತೀಯಾ ಎಂದರು. ಎರಡು ವಿಮಾನ ಬದಲಿಸಿ ಬಂದಿದ್ದ ನಾನು ಹಿಂದಿನ ದಿನದಿಂದ ಏನೂ ತಿಂದಿರಲಿಲ್ಲ. ಬೇಡ, ಥ್ಯಾಂಕ್ಸ್ ಎಂದೆ. ನಮ್ಮ ಮೈಸೂರಿನ ಮನೆಯಲ್ಲಿ ಹಾಗೆ ಅಂದವರ ಕೈಗೆ ಬಟ್ಟಲು ತುರುಕದೆ ಯಾರೂ ಬಿಡುವುದಿಲ್ಲ. ಆಕೆ ಸರಿ ಎಂದು ನಕ್ಕು ಮೇಲೆ ಹೋದರು. ಬಾಗಿಲು ಪೂರ್ತಿ ಮುಚ್ಚದೆ ಕಾದೆ. ಪಾತ್ರೆಗೆ ಮುಚ್ಚಳ ಹಾಕಿದ ಸದ್ದು, ಫ್ರಿಜ್ಜಿನ ಬಾಗಿಲು ಹಾಕಿದ ಸದ್ದು ಕೇಳಿಸಿತು. ಆಕೆಯಲ್ಲಿ ಕೆಟ್ಟತನವಿರಲಿಲ್ಲ. ನನ್ನ ಮಾತಿಗೆ ಬೆಲೆ ಕೊಟ್ಟಿದ್ದರು, ಅಷ್ಟೇ. ಬೇಡ ಎಂದವರನ್ನು ಮತ್ತೆ ಒತ್ತಾಯಿಸುವುದು ಅಲ್ಲಿ ಅವಮಾನ ಮಾಡಿದಂತೆ.

ಆ ನಾಡಿನ ರೀತಿಗಳಲ್ಲಿ ನಾನು ಮೊದಲು ಕಲಿತದ್ದು ಇದು. ಬೂಟು, ಬೆರಳು, ವೈರು ಎಲ್ಲ ಬರೆದವಳು ಇದನ್ನು ಬರೆಯಲಿಲ್ಲ. ಬರೆದರೆ, ಬಾಗಿಲ ಸಂದಿಯಲ್ಲಿ ಕಿವಿಗೊಟ್ಟು ಸೂಪಿಗಾಗಿ ಕಾದು ನಿಂತ ಹುಡುಗಿಯನ್ನೂ ಬರೆಯಬೇಕಿತ್ತು. ಪಂಡಿತೆಗೆ ಅದು ಒಪ್ಪುತ್ತಿರಲಿಲ್ಲ. ಹುಬ್ಬಳ್ಳಿಯವರು ನೇರವಾಗಿ ಕೇಳಿದಾಗಲೂ ಅದನ್ನು ನುಂಗಿಕೊಂಡು, ಕೇಳಲು ಚೆನ್ನಾಗಿರುವ ಮಾತೊಂದನ್ನು ಹೇಳಿ ಕಳಿಸಿದ್ದೆ.

ಆ ಭಾನುವಾರವೂ ಹೇಳಲಿಲ್ಲ. ಹೇಳಿದ್ದು ಇಷ್ಟು: “ಅವರು ತಪ್ಪು ತಿಳ್ಕೊಂಡಿರಬಹುದು. ಮತ್ತೆ ಕೇಳದೇನೂ ಇರಬಹುದು. ನೀವೇ ಇವತ್ತು ಫೋನ್ ಮಾಡಿ.”

“ನಾನ ಫೋನ್ ಮಾಡಿ ನೌಕರಿ ಕೊಡ್ರಿ ಅಂತ ಕೇಳೂದೇನ್ರಿ? ಛೆ, ಹ್ಯಾಂಗ ಕಾಣಸ್ತದ ಅದು.”

“ಹಾಗಾದ್ರೆ ನಾನು ಮಾಡ್ಲಾ? ನನಗೆ ಅಲ್ಲಿಯವರ ರೀತಿ ಗೊತ್ತು. ಇವರಿಗೆ ಬರೋಕೆ ಇಷ್ಟ ಇದೆ, ಸಂಕೋಚಕ್ಕೆ ಹಾಗಂದ್ರು ಅಂತ ಹೇಳ್ತೀನಿ.”

“ಬ್ಯಾಡ ಬಿಡ್ರಿ ಅಕ್ಕಾರ, ನಿಮಗ್ಯಾಕ ತ್ರಾಸ.”

“ಸರಿ,” ಎಂದೆ.

ಹಾಗೆ ಅಂದಾಗ ನನಗೆ ಆದದ್ದು ಸಮಾಧಾನ. ಇದನ್ನು ಬರೆಯಲು ಇಷ್ಟು ವರ್ಷ ಬೇಕಾಯಿತು. ಫೋನ್ ಮಾಡಿದ್ದರೆ, ಆತುರ ತೋರಿಸಬೇಡಿ ಎಂದವರು ಯಾರು ಎಂಬ ಮಾತು ಬರುತ್ತಿತ್ತು. ಅವರ ಹೆಂಡತಿ ಲೋಟ ಕೈಯಲ್ಲಿ ಹಿಡಿದು ನನ್ನನ್ನೇ ನೋಡುತ್ತಿದ್ದರು. ನಾನು ಅವರಿಗೆ ಇನ್ನೊಂದು ಚಮಚ ಉಪ್ಪಿಟ್ಟು ಬಡಿಸಿದೆ; ಬೇಡ ಎಂದರೂ ಬಿಡದೆ ಬಡಿಸಿದೆ.

ಸೋಮವಾರ ಫೋನ್ ಬರಲಿಲ್ಲ. ಮರು ಸೋಮವಾರವೂ ಬರಲಿಲ್ಲ. ಅವರು ಬೆಳಿಗ್ಗೆ ವಿಕ್ಸಮ್‌ಗೆ ಹೋಗಿ ಸಂಜೆ ಬರುತ್ತಿದ್ದರು. ದಾರಿಯಲ್ಲಿ ಸಿಕ್ಕಾಗ “ಮಾಲಕರು ಗಡಿಬಿಡಿಯಾಗಿರ್ತಾರ, ಕೇಳ್ತಾರ ತಗೋರಿ” ಎನ್ನುತ್ತಿದ್ದರು. ನಾನು ಹೌದು ಎನ್ನುತ್ತಿದ್ದೆ. ಮೂರನೇ ವಾರ ಅವರೇ ಒಂದು ಈಮೇಲ್ ಬರೆದರು. ಅರ್ಧ ಗಂಟೆಯಲ್ಲಿ ಉತ್ತರ ಬಂತು. ಅದನ್ನು ಪ್ರಿಂಟ್ ಮಾಡಿ ನನಗೆ ತಂದು ತೋರಿಸಿದರು. ನಿಮಗೆ ಅವಸರವಿಲ್ಲ, ಸಂಸಾರವನ್ನು ಕರೆತರುವ ಮನಸ್ಸೂ ಇಲ್ಲ ಎಂದು ತಿಳಿದು, ನಿಮ್ಮನ್ನು ಪೀಡಿಸುವುದು ಸರಿಯಲ್ಲವೆಂದು ಬೇರೊಬ್ಬರನ್ನು ತೆಗೆದುಕೊಂಡೆವು. ಈಗ ಇಲ್ಲಿಯೂ ಕೆಲಸ ಕಡಿಮೆಯಾಗುತ್ತಿದೆ, ಇನ್ನೊಂದು ಜಾಗವಿಲ್ಲ ಎಂದಿತ್ತು. ಸಾರಿ ಎಂಬ ಪದ ಎರಡು ಸಲ ಇತ್ತು. ಆತ ನಿಜವಾಗಿಯೂ ನೊಂದು ಬರೆದಿದ್ದಾನೆ ಎಂದು ನನಗೆ ಅನ್ನಿಸಿತು.

“ಹೋಗಲಿ ಬಿಡ್ರಿ,” ಎಂದು ಅವರು ಕಾಗದವನ್ನು ನಾಲ್ಕು ಮಡಿಕೆ ಮಾಡಿ ಜೇಬಿಗೆ ಹಾಕಿಕೊಂಡರು.

ಏಪ್ರಿಲ್ ಕೊನೆಯ ವಾರ ಪ್ಯಾಕ್ ಮಾಡಲು ಸಹಾಯಕ್ಕೆ ಹೋದೆ. ಗಂಡ ಕಾರು ಮಾರಲು ಹೋಗಿದ್ದರು, ಮಗಳು ಸ್ಕೂಲಿನಲ್ಲಿದ್ದಳು. ಖಾಲಿ ಶೆಲ್ಫಿನ ಮುಂದೆ ನೆಲದ ಮೇಲೆ ಕೂತು ನಾನು ಅವರ ಹೆಂಡತಿಗೆ ಎಲ್ಲವನ್ನೂ ಹೇಳಿದೆ: ಸೂಪಿನ ಬಟ್ಟಲು, ಅವರ ಗಂಡ ಕೇಳಿದಾಗ ನಾನು ತಡೆದದ್ದು, ಉಪ್ಪಿಟ್ಟಿನ ದಿನ ನನಗೆ ಗೊತ್ತಿದ್ದದ್ದು. ಅವರು ಸ್ಟೀಲ್ ಡಬ್ಬಿಗಳನ್ನು ಒಂದರೊಳಗೊಂದು ಕೂರಿಸುತ್ತ ಕೇಳಿದರು.

“ನಿಮಗ ಗೊತ್ತದ ಅಂತ ಆವತ್ತ ನಿಮ್ಮ ಮಾರಿ ನೋಡೇ ಗೊತ್ತಾತ್ರಿ,” ಎಂದರು. “ಮನಿಗೆ ಬಂದು ಇವರಿಗೆ ಅಂದೆ, ಚಿಂತಿ ಮಾಡಬ್ಯಾಡ್ರಿ, ಅಕ್ಕಾರು ಫೋನ್ ಮಾಡ್ತಾರ ಅಂತ. ಇವರೂ ಹಂಗ ತಿಳಕೊಂಡಿದ್ರು.”

“ಬೇಡ ಅಂದ್ರಲ್ಲ ಅವರು.”

“ಅಂತಾರ್ರಿ. ಅನ್ನದ ಇರ್ತಾರೇನು?” ಅವರ ದನಿಯಲ್ಲಿ ಸಿಟ್ಟಿರಲಿಲ್ಲ. “ನೀವು ಇನ್ನೊಮ್ಮೆ ಕೇಳ್ತೀರಿ ಅಂತ ದಾರಿ ಕಾದ್ರು.”

ಕೊನೆಯ ಡಬ್ಬಿಗೆ ಮುಚ್ಚಳ ಹಾಕಿ ಅವರು ಟೇಪಿಗಾಗಿ ಕೈ ಚಾಚಿದರು. ನಾನು ಕೊಡಲಿಲ್ಲ.

“ಈಗ ಮಾಡ್ಲಾ ಫೋನು?” ಎಂದೆ.

“ಈಗ ಬ್ಯಾಡ್ರಿ.”

ಎರಡನೇ ಸಲ ಕೇಳಿದೆ. ನಂಬರ್ ಕೊಡಿ, ಒಂದೇ ನಿಮಿಷ, ಬೇರೆ ಯಾರ ಬಳಿಯಾದರೂ ಕೆಲಸ ಇದೆಯಾ ಎಂದಾದರೂ ವಿಚಾರಿಸುತ್ತೇನೆ ಎಂದೆ. ಮೂರನೇ ಸಲವೂ ಕೇಳಿದೆ. ಮೂರು ಸಲವೂ ಅವರು ಅದೇ ದನಿಯಲ್ಲಿ ಬೇಡ ಎಂದರು, ಮತ್ತು ನನ್ನ ಕೈಯಿಂದ ಟೇಪು ತೆಗೆದುಕೊಂಡು ಪೆಟ್ಟಿಗೆಯನ್ನು ಮುಚ್ಚತೊಡಗಿದರು.