ಲಾಭ, ಎರಡು, ಮೂರು

ಹಿಟ್ಟಿನ ಗಿರಣಿ ನಡೆಸುವವಳಿಗೆ ಬಾಯಿ ದೊಡ್ಡದಿರಬೇಕು. ಯಂತ್ರದ ಸದ್ದನ್ನು ಮೀರಿ ಮಾತನಾಡಬೇಕಲ್ಲ! ನನ್ನ ದನಿ ಕೇಳಿದರೆ ಬೈಲಹೊಂಗಲದ ನಮ್ಮ ಓಣಿಯ ಎಮ್ಮೆಗಳೂ ದಾರಿ ಬಿಡುತ್ತವೆ ಎಂದು ನನ್ನ ಗಂಡ ಚೇಷ್ಟೆ ಮಾಡುತ್ತಾರೆ. ಅಂಥ ನಾನು ಒಂದು ಜಿಮ್ಮಿನ ಬಾಗಿಲಲ್ಲಿ ಒಳಗೆ ಹೋಗಲು ಹೆದರಿ ನಿಂತಿದ್ದೆ ಎಂದರೆ ನೀವು ನಂಬಲಿಕ್ಕಿಲ್ಲ.

ಆ ಮಳೆಗಾಲದಲ್ಲಿ ಬಚ್ಚಲಲ್ಲಿ ಜಾರಿ ಬಿದ್ದಿದ್ದೆ. ಎಡಗೈ ಭುಜದಿಂದ ಮೇಲೆ ಏಳದಾಯಿತು. ಗಿರಣಿಯಲ್ಲಿ ಕಾಳು ಸುರಿಯುವ ಬಾಯಿ ನನ್ನ ತಲೆಯ ಎತ್ತರಕ್ಕಿದೆ. ಜೋಳದ ಡಬ್ಬಿಯನ್ನು ಅಲ್ಲಿಯವರೆಗೆ ಎತ್ತಲಾಗದಿದ್ದರೆ ನಾನೆಂಥ ಗಿರಣಿಯವಳು? ಗಿರಾಕಿಗಳೇ ತಮ್ಮ ತಮ್ಮ ಡಬ್ಬಿ ಎತ್ತತೊಡಗಿದರು. ಎದುರು ಮನೆಯ ಅಜ್ಜಿ, ಎಪ್ಪತ್ತು ದಾಟಿದವಳು, "ಯವ್ವಾ, ನೀ ಅತ್ತಾಗ ಸರಿ. ನಾ ಹಾಕ್ತೇನಿ" ಎಂದು ಸ್ಟೂಲು ಎಳೆದುಕೊಂಡು ಹತ್ತಿದ ದಿನ ನಾಚಿಕೆಯಿಂದ ಸತ್ತೇ ಹೋದೆ.

ಗಂಡ ರಾಮದುರ್ಗದ ಕಡೆ ಬಸ್ಸು ಓಡಿಸುತ್ತಾರೆ. ಅಂದು ರಾತ್ರಿ ಊಟಕ್ಕೆ ಕುಳಿತಾಗ ಮೆಲ್ಲಗೆ ಮಾತು ತೆಗೆದರು. "ದೀಪಾವಳಿ ತನಕ ನೋಡೂಣು. ಕೈ ಸರಿ ಆಗಲಿಲ್ಲಂದ್ರ ಗಿರಣಿ ಬಾಡಿಗಿ ಕೊಟ್ಟಬಿಡೂಣು."

ಅವರದು ಕಾಳಜಿಯೇ, ನನಗೂ ಗೊತ್ತು. ಆದರೂ ಮೈ ಉರಿಯಿತು. "ನನ್ನ ಗಿರಣ್ಯಾಗ ಬ್ಯಾರೇದವರು ನಿಂದ್ರೂದನ್ನ ನಾ ನೋಡಂಗಿಲ್ಲ" ಎಂದೆ.

ಡಾಕ್ಟರು ಮಾತ್ರ ಒಂದೇ ಮಾತು ಹೇಳಿದ್ದರು: "ಗುಳಿಗಿ ಸಾಕ್ರಿ ಅಕ್ಕಾರ. ಈಗ ಭುಜಕ್ಕ ಶಕ್ತಿ ಬರಬೇಕು. ಜಿಮ್ಮಿಗೆ ಹೋಗ್ರಿ."

ಪೇಟೆಯಲ್ಲಿ ಹೆಂಗಸರಿಗಾಗಿ ಮಧ್ಯಾಹ್ನದ ಬ್ಯಾಚು ಇರುವ ಒಂದು ಜಿಮ್ಮಿತ್ತು. ಹೊಸ ಬೂಟು ತಂದೆ, ಚೂಡಿದಾರ ಹಾಕಿದೆ, ಹೊರಟೆ. ಗಾಜಿನ ಬಾಗಿಲಿನಾಚೆ ಬಳುಕುವ ಹುಡುಗಿಯರನ್ನು ಕಂಡದ್ದೇ ತಡ, ಕಾಲು ಅಲ್ಲೇ ನಿಂತಿತು. ನಲವತ್ತೇಳರ ಈ ದೇಹ ನೋಡಿ ನಗುವುದಿಲ್ಲವೇ ಇವರು? ಹಿಂದಿರುಗಿದೆ. ಬರಿಗೈಲಿ ಹೋಗಬಾರದೆಂದು ಕೊತ್ತಂಬರಿ ಕೊಂಡೆ. ಮರುದಿನವೂ ಬಾಗಿಲ ತನಕ ಹೋದೆ, ಮೆಂತೆ ಪಲ್ಯದ ಎರಡು ಕಟ್ಟು ತಂದೆ. ಗಂಡ ಚೀಲದೊಳಗೆ ಇಣುಕಿ, "ನೀ ಜಿಮ್ಮಿಗೆ ಹೊಕ್ಕೀಯೋ, ಸಂತಿಗೆ ಹೊಕ್ಕೀಯೋ?" ಎಂದರು.

ಮೂರನೆಯ ದಿನ ಬಾಗಿಲು ನಾನು ಮುಟ್ಟುವ ಮೊದಲೇ ತೆರೆಯಿತು. ವ್ಯಾಯಾಮ ಕಲಿಸುವ ಹುಡುಗಿಯೇ ಹೊರಗೆ ಬಂದಿದ್ದಳು. ಕಿತ್ತೂರಿನಿಂದ ದಿನಾ ಸ್ಕೂಟಿಯ ಮೇಲೆ ಬರುವವಳು. "ಒಳಗ ಬರ್ರಿ ಅಕ್ಕಾರ. ಎರಡ ದಿನದಿಂದ ನೋಡಾಕತ್ತೇನಿ, ಬಾಗಿಲ ತನಕ ಬಂದು ಹೊಳ್ಳಿ ಹೋಗಾಕತ್ತೀರಿ!"

ಸಿಕ್ಕಿಬಿದ್ದೆ. ಒಳಗೆ ಹೋದರೆ ಗೋಡೆ ತುಂಬ ಕನ್ನಡಿ, ಎತ್ತ ತಿರುಗಿದರೂ ನಾನೇ. ಆಕೆ ಎರಡು ಪುಟ್ಟ ಡಂಬೆಲ್ ಕೊಟ್ಟಳು. "ಹತ್ತ ಸಲ ಎತ್ರಿ. ಉಸಿರ ಹಿಡಿಬ್ಯಾಡ್ರಿ, ಗಟ್ಟಿಯಾಗಿ ಎಣಸ್ರಿ."

ಎತ್ತಿದೆ. ಹೆದರಿಕೆಯಲ್ಲಿ ಗಿರಣಿಯ ದನಿಯೇ ಹೊರಬಿತ್ತು. "ಲಾಭಾ!"

ಎಲ್ಲರೂ ನನ್ನತ್ತ ತಿರುಗಿದರು. ನಾನು ಹುಟ್ಟಿದ್ದು ಮುನವಳ್ಳಿಯ ಒಕ್ಕಲುತನದ ಮನೆಯಲ್ಲಿ. ಕಣದಲ್ಲಿ ಅಪ್ಪ ಜೋಳದ ರಾಶಿ ಅಳೆಯುವಾಗ ಮೊದಲ ಅಳತೆಗೆ ಎಂದೂ 'ಒಂದು' ಎನ್ನುತ್ತಿರಲಿಲ್ಲ. 'ಲಾಭ' ಎಂದೇ ಶುರು. ಚೀಲದ ಬಾಯಿ ಹಿಡಿದು ಕೂಗಿ ಎಣಿಸುವುದು ನನ್ನ ಕೆಲಸವಾಗಿತ್ತು. ಭಾರದ್ದೇನಾದರೂ ಕೈಗೆ ಬಂದು ಎಣಿಸು ಎಂದರೆ ನನ್ನ ನಾಲಿಗೆಗೆ ಬೇರೆ ಲೆಕ್ಕವೇ ಬಾರದು.

ಮೂಲೆಯಲ್ಲಿ ಒಬ್ಬ ಹುಡುಗಿ ಕಿಸಕ್ಕನೆ ನಕ್ಕಳು. ಎರಡು ದಿನದಿಂದ ಯಾವುದಕ್ಕೆ ಹೆದರಿದ್ದೆನೋ ಅದೇ ಆಯಿತಲ್ಲ! ಓಡಿಹೋಗಬೇಕೆನಿಸಿತು, ಆದರೆ ಅದಕ್ಕಿಂತ ಮೊದಲು ಸಿಟ್ಟು ಬಂತು. "ಯಾಕವಾ ನಗತೀ? ನಿಮ್ಮ ಮನ್ಯಾಗ ರಾಶಿ ಅಳಿಯೂ ಮುಂದ ಏನಂತಾರ?"

"ಇದನ್ನ ಅಂತಾರ್ರಿ ಅಕ್ಕಾರ!" ಎಂದಳು. ಅವಳು ಹೂಲಿ ಊರಿನವಳೆಂದು ಆಮೇಲೆ ತಿಳಿಯಿತು. "ನಮ್ಮಜ್ಜ ಹಿಂಗ ಎಣಸ್ತಿದ್ದ. ಅಂವಾ ಹೋದಮ್ಯಾಗ ಇವತ್ತ ಕೇಳಿದ್ನಿ ನೋಡ್ರಿ." ನಗುತ್ತಿದ್ದ ಅವಳ ಕಣ್ಣು ಒದ್ದೆಯಾಗಿತ್ತು.

ಕಲಿಸುವವಳು ಚಪ್ಪಾಳೆ ತಟ್ಟಿದಳು. "ಹಂಗಂದ್ರ ಎಲ್ಲಾರೂ ಮೊದಲಿಂದ! ಲಾಭಾ!"

"ಎರಡ! ಮೂರ!" ಏಳು ಮಂದಿ ಹೆಂಗಸರು ಒಂದೇ ದನಿಯಲ್ಲಿ! ಅಯ್ಯೋ, ಎಂಥ ಖುಷಿ ಅದು! ಎಡಗೈ ಭುಜದ ಮಟ್ಟಕ್ಕೇ ನಿಂತಿತು, ನೋವಿಗೆ ಕಣ್ಣೀರೂ ಬಂತು, ಆದರೂ ಹತ್ತು ಮುಗಿಸಿಯೇ ಬಿಟ್ಟೆ. ಅಂದು ಮನೆಗೆ ಪಲ್ಯ ತರುವುದೇ ಮರೆತುಹೋಯಿತು.

ಆಮೇಲೆ ಒಂದು ದಿನವೂ ತಪ್ಪಿಸಲಿಲ್ಲ. ಕೈ ಮೊದಲು ಕಿವಿಯ ತನಕ ಬಂತು. ದಸರೆಯ ಹೊತ್ತಿಗೆ ನನ್ನ ತುರುಬನ್ನು ನಾನೇ ಕಟ್ಟಿಕೊಂಡೆ. ಆದರೆ ಡಬ್ಬಿ ಮಾತ್ರ ಮುಟ್ಟಿರಲಿಲ್ಲ. ಎತ್ತಲು ಹೋಗಿ ಆಗದಿದ್ದರೆ ಎಂಬ ಅಳುಕು.

ದೀಪಾವಳಿಗೆ ನಾಲ್ಕು ದಿನವಿತ್ತು. ಚಕ್ಕುಲಿ ಹಿಟ್ಟಿಗೆಂದು ಗಿರಣಿಯ ಮುಂದೆ ಸಾಲು. ಗಂಡನಿಗೆ ಅಂದು ರಜೆ, ಬಾಗಿಲಲ್ಲೇ ನಿಂತಿದ್ದರು. ಎದುರು ಮನೆಯ ಅಜ್ಜಿ ಡಬ್ಬಿ ಇಳಿಸಿ, ರೂಢಿಯಂತೆ ಸ್ಟೂಲಿಗೆ ಕೈ ಹಾಕಿದಳು.

"ಅಜ್ಜೀ, ನೀ ಅತ್ತಾಗ ಸರಿ. ನಾ ಹಾಕ್ತೇನಿ."

ಹೇಳಿಬಿಟ್ಟಿದ್ದೆ, ಇನ್ನು ಹಿಂದೆಗೆಯುವಂತಿರಲಿಲ್ಲ. ಕಲಿಸಿದಂತೆ ಮೊಣಕಾಲು ಮಡಚಿ ಡಬ್ಬಿಯನ್ನು ಎದೆಗೆ ತಂದೆ. ಅಲ್ಲಿಂದ ಮೇಲೆ. ಎಡಗೈ ಕಿವಿಯ ಹತ್ತಿರ ಒಮ್ಮೆ ತಡೆಯಿತು, ಆದರೂ ಮೇಲಕ್ಕೆ ದಬ್ಬಿದೆ.

ಕಾಳು ಜರ್ರನೆ ಒಳಗಿಳಿಯಿತು.

"ಲಾಭಾ!" ಎಂದು ಯಂತ್ರದ ಸದ್ದನ್ನೂ ಮೀರಿ ಕೂಗಿದೆ.

ಗಂಡ ಒಳಗೆ ಬಂದು ಸ್ಟೂಲನ್ನು ಕೈಗೆತ್ತಿಕೊಂಡು, "ಇದನ್ನ ಮನಿಗೆ ಒಯ್ಲೇನು?" ಎಂದರು.

"ಇಲ್ಲೇ ಇರಲಿ, ಅಜ್ಜಿ ಕುಂದರ್ತಾಳ" ಎಂದು ಮುಂದಿನ ಡಬ್ಬಿಗೆ ಕೈ ಹಾಕಿದೆ.