ಗೂಳಪ್ಪನವರ ಬಾಗಿದ ಹ್ಯಾಂಡಲ್ಲಿನ ಸೈಕಲ್ಲು

ಗೂಳಪ್ಪನವರ ಊರು ವಿಜಾಪುರದ ಕಡೆ. ಆ ಕಡೆ ಒಂದು ರೂಢಿಯಿದೆ. ಯಾರಾದರೂ ಚಹಾ ಕುಡಿಯಿರಿ ಎಂದರೆ ಒಮ್ಮೆಲೇ ಹೂಂ ಅನ್ನಬಾರದು. "ಬ್ಯಾಡ್ರಿ, ಈಗಷ್ಟ ಆಗೇದ" ಅನ್ನಬೇಕು. ಕರೆದವರು "ಅರ್ಧಾ ಕಪ್ಪರೆ ತಗೋರಿ" ಅನ್ನಬೇಕು. ಆಮೇಲೆ ಕಪ್ಪು ತಾನಾಗಿ ಕೈಗೆ ಬರುತ್ತದೆ. ಮೊದಲನೇ ಮಾತಿಗೇ ಕೈ ಚಾಚಿದವನನ್ನು, ಇವನು ಯಾವಾಗಿನಿಂದ ಉಪವಾಸ ಇದ್ದನೋ ಎಂದು ಹಿಂದಿನಿಂದ ಆಡಿಕೊಳ್ಳುತ್ತಾರೆ.

ಹೀಗೆ ಐವತ್ತು ದಾಟುವವರೆಗೆ ಬೇಡ ಬೇಡ ಎನ್ನುತ್ತಲೇ ಹೊಟ್ಟೆ ತುಂಬಿಸಿಕೊಂಡು ಬಂದ ಮನುಷ್ಯ ಇವರು. ಅದಕ್ಕೆಲ್ಲ ಬೆನ್ನೆಲುಬು ಹೆಂಡತಿ ಚನ್ನಬಸವ್ವ. ಯಾರ ಮನೆಯ ಊಟಕ್ಕೆ ಹೋದರೂ ಗಂಡ ಎಲೆಯ ಮೇಲೆ ಕೈ ಅಡ್ಡ ಹಿಡಿದರೆ, ಅವರು ಹೆಂಗಸರ ಸಾಲಿನಿಂದಲೇ ಕೂಗುತ್ತಿದ್ದರು: "ಅವರು ಹಂಗಽ ಅಂತಾರ. ನೀವು ಹಾಕ್ರಿ!" ಹೋಳಿಗೆ ಬೀಳುತ್ತಿತ್ತು. ಗೂಳಪ್ಪನವರು ತಿನ್ನುತ್ತಿದ್ದರು.

ಒಂದು ಮಳೆಗಾಲ ಜ್ವರ ಬಂದು ಮಲಗಿದ ಚನ್ನಬಸವ್ವ ಮತ್ತೆ ಏಳಲಿಲ್ಲ. ಮಕ್ಕಳಿರಲಿಲ್ಲ. ಪುಣೆಯ ಹಡಪಸರದ ಎರಡು ಕೋಣೆಯ ಮನೆಯಲ್ಲಿ ಗೂಳಪ್ಪನವರು ಒಬ್ಬರೇ ಉಳಿದರು. ಗಾಡಿತಳ ಎಂಬ ಚೌಕದ ಹತ್ತಿರ ಒಂದು ಲಾರಿ ಸಾಗಣೆ ಕಚೇರಿಯಲ್ಲಿ ಅವರದು ಗುಮಾಸ್ತನ ಕೆಲಸ. ಅಲ್ಲಿ ದಿನವಿಡೀ ಮರಾಠಿ. ಕನ್ನಡ ಎಂದರೆ ಮನೆ, ಮನೆ ಎಂದರೆ ಹೆಂಡತಿ. ಅವರು ಹೋದ ಮೇಲೆ ಕನ್ನಡ ಬಾಯಿಂದ ಹೊರಗೆ ಬರುವುದೇ ನಿಂತಿತು. ಉಳಿದ ದಿನಗಳು ಹೇಗೋ ಕಳೆಯುತ್ತಿದ್ದವು, ರವಿವಾರ ಮಾತ್ರ ಜೀವ ತಿನ್ನುತ್ತಿತ್ತು. ಸಂಜೆ ಹಾಲಿನವನಿಗೆ ಏನಾದರೂ ಹೇಳಲು ಬಾಯಿ ತೆರೆದರೆ ದನಿಯೇ ಹೊರಡುತ್ತಿರಲಿಲ್ಲ. ಬೆಳಗಿನಿಂದ ಒಂದು ಮಾತೂ ಆಡಿರಲಿಲ್ಲವಲ್ಲ, ಎಲ್ಲಿಂದ ಹೊರಡಬೇಕು!

ಅಂಥ ಒಂದು ರವಿವಾರ ಬೆಳಿಗ್ಗೆ ಸುಮ್ಮನೆ ಕಾಲೆಳೆಯುತ್ತ ಮಗರಪಟ್ಟಾ ಬಡಾವಣೆಯ ಗೇಟಿನವರೆಗೆ ಹೋಗಿದ್ದರು. ಅಲ್ಲಿ ಕೆಲವು ಹುಡುಗರು, ಹುಡುಗಿಯರು ಹೆಲ್ಮೆಟ್ ಹಾಕಿಕೊಂಡು, ಹ್ಯಾಂಡಲ್ಲು ಟಗರಿನ ಕೊಂಬಿನಂತೆ ಕೆಳಗೆ ಬಾಗಿದ ಸೈಕಲ್ಲು ಹಿಡಿದು ನಿಂತಿದ್ದರು. ಆ ಗುಂಪಿನಿಂದ ಒಂದು ಹುಡುಗಿಯ ದನಿ ಕೇಳಿಸಿತು.

"ಲೋ ಪುನೀತ, ಟೈರಿಗೆ ಗಾಳಿ ಹಾಕಿದ್ಯೇನೋ? ಲಾಸ್ಟ್ ವೀಕ್ ಥರ ನಡುದಾರೀಲಿ ಕೈ ಕೊಡ್ಬೇಡ."

"ಹಾಕಿದೀನಿ ಕಣೇ ಇಂಪನಾ, ತಲೆ ತಿನ್ಬೇಡ."

ಗೂಳಪ್ಪನವರ ಕಾಲು ಅಲ್ಲೇ ನಿಂತಿತು. ಬೆಂಗಳೂರಿನ ಕಂಪ್ಯೂಟರ್ ಕೆಲಸದ ಮಕ್ಕಳು, ಅರ್ಧ ಮಾತು ಇಂಗ್ಲಿಷು. ಇರಲಿ, ಕನ್ನಡವಲ್ಲವೇ! ರವಿವಾರ ಬೆಳಿಗ್ಗೆ ದಿವೆ ಘಾಟ್ ಹತ್ತುವುದು, ಮೇಲೆ ಟೀ ಅಂಗಡಿಯಲ್ಲಿ ಕೂತು ಹರಟುವುದು, ಇಳಿದು ಬರುವುದು ಅವರ ಪದ್ಧತಿ ಎಂದು ತಿಳಿಯಿತು. ಆ ಅಂಗಡಿಯ ಬೆಂಚಿನ ಮೇಲೆ ತನಗೂ ಒಂದು ಜಾಗ ಸಿಕ್ಕರೆ ಸಾಕು ಎನ್ನಿಸಿಬಿಟ್ಟಿತು ಗೂಳಪ್ಪನವರಿಗೆ. ಈ ವಯಸ್ಸಿನಲ್ಲಿ ಸೈಕಲ್ಲಿನ ಹಿಂದೆ ಓಡಲಾದೀತೇ? ಸೈಕಲ್ಲೇ ಬೇಕಿತ್ತು.

ಅಂಗಡಿಯಲ್ಲಿ ಹೊಸದರ ಬೆಲೆ ಕೇಳಿದ ಗೂಳಪ್ಪನವರು ಕೈಯಲ್ಲಿ ಹಿಡಿದಿದ್ದ ಹೆಲ್ಮೆಟ್ಟನ್ನು ಮೆಲ್ಲಗೆ ಕೆಳಗಿಟ್ಟು ಹೊರಗೆ ಬಂದರು. ಇವರ ಹಳೇ ಸ್ಕೂಟರನ್ನು ಮಾರಿದರೂ ಆ ಸೈಕಲ್ಲಿನ ಒಂದು ಗಾಲಿ ಬರುತ್ತಿರಲಿಲ್ಲ. ಕೊನೆಗೆ ಫೋನಿನಲ್ಲಿ ಹುಡುಕಿ, ಸುಹಾಸ ಎಂಬ ಮರಾಠಿ ಹುಡುಗನ ಮನೆಗೆ ಹೋದರು. ಹುಮ್ಮಸ್ಸಿನಲ್ಲಿ ಕೊಂಡ ಅಂಥದೇ ಬಾಗಿದ ಹ್ಯಾಂಡಲ್ಲಿನ ಸೈಕಲ್ಲು ಅವನ ಬಾಲ್ಕನಿಯಲ್ಲಿ ಒದ್ದೆ ಟವೆಲ್ಲು ಹೊತ್ತು ನಿಂತಿತ್ತು.

ಗೂಳಪ್ಪನವರು ಲಾರಿ ಕಚೇರಿಯ ಮನುಷ್ಯ, ಹಳೇ ಗಾಡಿಯ ಬಣ್ಣ ನೋಡಿ ಮರುಳಾಗುವವರಲ್ಲ. ಮುಂದಿನ ಗಾಲಿ ಎತ್ತಿ ತಿರುಗಿಸಿ, ಅದು ಬ್ರೇಕಿನ ನಡುವೆ ಓಲಾಡುತ್ತದೆಯೇ ಎಂದು ನೋಡಿದರು. ಚೌಕಟ್ಟಿನ ಬೆಸುಗೆಗಳ ಮೇಲೆ ಉಗುರಾಡಿಸಿ ಬಿರುಕು ಹುಡುಕಿದರು. ಎರಡೂ ಕಾಲು ನೆಲಕ್ಕೆ ಊರಿ ನಿಂತು ಎತ್ತರ ಅಳೆದರು. ಗಾಲಿ, ಚೌಕಟ್ಟು ನೆಟ್ಟಗಿದ್ದವು. ಚೈನು ಕೆಂಪಗೆ ತುಕ್ಕು ಹಿಡಿದಿತ್ತು, ಟೈರುಗಳು ಒಡೆದಿದ್ದವು. ಅವು ಬದಲಿಸಬಹುದಾದ ವಸ್ತುಗಳು, ಚೌಕಟ್ಟನ್ನು ಬದಲಿಸಲಾಗದು. ವ್ಯವಹಾರ ಕುದುರಿತು.

"ಕಾಕಾ, ಚಹಾ ಘೇಣಾರ್ ಕಾ?" ಎಂದ ಸುಹಾಸ.

"ನಕೋ ನಕೋ," ಎಂದರು ಇವರು, ಅಭ್ಯಾಸದಂತೆ. ಸುಹಾಸ "ಬರಂ" ಎಂದು ಒಪ್ಪಿಕೊಂಡು ಬಾಗಿಲು ತೆರೆದುಕೊಟ್ಟ. ಪುಣೆಯವರ ಬಾಗಿಲಲ್ಲಿ ಎರಡನೇ ಸಲ ಕೇಳುತ್ತಾರೆಂದು ಕಾದರೆ ಕಾಲು ನೋಯುತ್ತದೆ, ಅಷ್ಟೇ.

ಚನ್ನಬಸವ್ವ ಕೂತು ರೊಟ್ಟಿ ಬಡಿಯುತ್ತಿದ್ದ ಅಡಿಗೆಮನೆಯ ಮೂಲೆ ಖಾಲಿ ಬಿದ್ದಿತ್ತು. ಸೈಕಲ್ಲು ಅಲ್ಲಿ ನಿಂತಿತು. ಸಂಬಳ ಬಂದ ಹಾಗೆ ಒಂದೊಂದೇ ಸಾಮಾನು ಬಂತು: ಮೊದಲು ಟೈರು, ಆಮೇಲೆ ಚೈನು, ಹಿಂದಿನ ಕೆಂಪು ದೀಪ. ಎಲ್ಲದರಲ್ಲೂ ಹಳೇದು, ಅಗ್ಗದ್ದು ಹುಡುಕಿದವರು ಹೆಲ್ಮೆಟ್ಟನ್ನು ಮಾತ್ರ ಹೊಸದೇ ತಂದರು. ಬ್ರೇಕಿನ ರಬ್ಬರನ್ನೂ ಒಳ್ಳೆಯದೇ ಹಾಕಿಸಿದರು. ಬಿಗಿ ಚಡ್ಡಿ, ವಿಶೇಷ ಬೂಟು ಎಲ್ಲ ಬಿಟ್ಟರು. ಕಚೇರಿಯ ಹಳೇ ಕ್ಯಾನ್ವಾಸ್ ಬೂಟಿಗೆ ಏನು ಧಾಡಿ! ಫೋನಿನಲ್ಲಿ ವಿಡಿಯೋ ನೋಡಿ ನೋಡಿ ಟ್ಯೂಬು ಬದಲಿಸುವುದನ್ನು ಕಲಿತರು. ಎರಡು ಟ್ಯೂಬು, ಪ್ಯಾಚು, ಟೈರು ಕಳಚುವ ಪ್ಲಾಸ್ಟಿಕ್ಕಿನ ಪಟ್ಟಿ, ಗೇಣುದ್ದದ ಪಂಪು, ಎಲ್ಲವೂ ಸೀಟಿನ ಕೆಳಗಿನ ಚೀಲ ಸೇರಿದವು. ಶನಿವಾರ ಸಂಜೆ ಹಳೇ ಹಲ್ಲುಜ್ಜುವ ಬ್ರಶ್ಶಿಗೆ ಸೀಮೆಎಣ್ಣೆ ಹಚ್ಚಿ ಚೈನು ತಿಕ್ಕುವುದು, ಬನಿಯನ್ ಚಿಂದಿಯಿಂದ ಒರೆಸುವುದು, ಕೊಂಡಿಗೊಂದು ಹನಿ ಎಣ್ಣೆ ಬಿಡುವುದು ಕ್ರಮವಾಯಿತು. ಆಗ ಮಾತು ಕೂಡ ಬಾಯಿಗೆ ಬರುತ್ತಿತ್ತು. "ಇಲ್ಲಿ ಕರಿ ಉಳದೈತಿ ನೋಡು," ಎನ್ನುತ್ತಿದ್ದರು, ಹೆಂಡತಿ ಕೂರುತ್ತಿದ್ದ ಆ ಮೂಲೆಯ ಕಡೆ ನೋಡಿ.

ಸೈಕಲ್ಲು ಸಜ್ಜಾದ ಮೊದಲ ರವಿವಾರ ಗೇಟಿನ ಹತ್ತಿರ ಹೋಗಿ ನಿಂತರು. ಕನ್ನಡದಲ್ಲೇ ನಮಸ್ಕಾರ ಹೇಳಿದರು.

"ಅಯ್ಯೋ, ಅಂಕಲ್ ಕನ್ನಡ!" ಪುನೀತ ಮುಖ ಅರಳಿಸಿದ. "ಬನ್ನಿ ಅಂಕಲ್, ನಮ್ ಜೊತೆ ಬನ್ನಿ."

ಇದಕ್ಕಾಗಿಯೇ ಇಷ್ಟು ಒದ್ದಾಡಿದ್ದು. ಆದರೆ ಬಾಯಿಗೆ ಬಂದದ್ದೇನು? "ಬ್ಯಾಡ್ರಿ. ನಾ ಭಾಳ ಸಾವಕಾಶ ಹೊಡೀತೀನಿ, ನಿಮಗ್ಯಾಕ ಸುಮ್ಮ ತ್ರಾಸ." ಹೇಳಿ, ಎರಡನೇ ಮಾತಿಗೆ ಕಾದರು.

"ಓಕೆ ಅಂಕಲ್, ಎಂಜಾಯ್!" ಎಂದ ಪುನೀತ. ಗುಂಪು ಹೊರಟೇಹೋಯಿತು.

ಅಯ್ಯೋ ಪುಣ್ಯಾತ್ಮರೇ, ಒಂದು ಹೂಂ ಅಂದಿದ್ದರೆ ಗಂಟೇನು ಹೋಗುತ್ತಿತ್ತು? ಏದುಸಿರು ಬಿಡುತ್ತ ಘಾಟ್ ಹತ್ತಿ ಟೀ ಅಂಗಡಿ ಮುಟ್ಟಿದಾಗ ಗುಂಪು ಇನ್ನೂ ಅಲ್ಲೇ ಕೂತಿತ್ತು. "ಅಂಕಲ್, ಟೀ?" ಎಂದು ಇಂಪನಾ ಕೇಳಿದಳು. "ಬ್ಯಾಡ್ರಿ, ಈಗಷ್ಟ ಆಗೇದ," ಎಂದರು. ಆ ಏರಿನಲ್ಲಿ ಇವರಿಗೆ ಚಹಾ ಕೊಟ್ಟವರು ಯಾರೋ ದೇವರೇ ಬಲ್ಲ. ಅವಳು ತಲೆಯಾಡಿಸಿ ತನ್ನ ಮಾತಿಗೆ ಮರಳಿದಳು. ಗುಂಪು ಇಳಿದು ಹೋದ ಮೇಲೆ ಗೂಳಪ್ಪನವರು ಬೆಂಚಿನ ತುದಿಗೆ ಕೂತು ಒಬ್ಬರೇ ಚಹಾ ಕುಡಿದರು.

ಆಮೇಲೆ ಆ ಮಕ್ಕಳು ಕೇಳುವುದನ್ನು ಬಿಟ್ಟರು. ಎದುರಾದರೆ ಕೈ ಎತ್ತುತ್ತಿದ್ದರು, ಅಷ್ಟೇ. ಅಂಕಲ್‌ಗೆ ಒಬ್ಬರೇ ಇರುವುದು ಇಷ್ಟ ಎಂದುಕೊಂಡಿದ್ದರು. ಅವರದೇನು ತಪ್ಪು? ಗೂಳಪ್ಪನವರಿಗೆ ಮಾತ್ರ ಪ್ರತಿ ರವಿವಾರ, ಇವತ್ತು ಕೇಳಿಯಾರು, ಇವತ್ತು ಕೇಳಿಯಾರು ಎಂದು ಆಸೆ. ಮಳೆ ಮುಗಿದು ಚಳಿ ಬಿತ್ತು. ಸೈಕಲ್ಲು ಹೊಸ ಮದುಮಗಳಂತೆ ಮಿಂಚುತ್ತಿತ್ತು, ಸವಾರ ಮಾತ್ರ ಒಬ್ಬಂಟಿ.

ಒಂದು ರವಿವಾರ ಘಾಟಿನ ಅರ್ಧದಲ್ಲಿ ಮುಂದಿನ ಗಾಲಿ ಬುಸ್ಸೆಂದು ಕೂತಿತು. ಇಳಿದು ನೋಡಿದರೆ ಲಾರಿ ಟೈರಿನಿಂದ ಉದುರಿದ ತಂತಿಯ ಚೂರು, ಕೂದಲಿನಷ್ಟು ಸಣ್ಣದು, ರಬ್ಬರಿನಲ್ಲಿ ಹೂತಿತ್ತು. ಇವರಿಗೆ ಇದು ಲೆಕ್ಕಕ್ಕಿಡುವ ಕೆಲಸವೇ ಅಲ್ಲ. ಸೀಟಿನ ಕೆಳಗಿನ ಚೀಲಕ್ಕೆ ಕೈ ಹಾಕುವಷ್ಟರಲ್ಲಿ ಹಿಂದೆ ಬ್ರೇಕಿನ ಸದ್ದಾಯಿತು. ಅವತ್ತು ತಡವಾಗಿ ಹೊರಟಿದ್ದ ಇಂಪನಾ ಒಬ್ಬಳೇ ಬಂದು ನಿಂತಿದ್ದಳು.

"ಪಂಕ್ಚರ್ ಆಯ್ತಾ ಅಂಕಲ್? ಹೆಲ್ಪ್ ಬೇಕಾ?"

ಬ್ಯಾಡ್ರಿ ಎಂಬ ಮಾತು ತುಟಿಯವರೆಗೆ ಬಂದಿತ್ತು. ಗೂಳಪ್ಪನವರು ನಾಲಿಗೆ ಕಚ್ಚಿ ಹಿಡಿದರು. "ಬೇಕ್ರಿ," ಎಂದರು.

"ಎಕ್ಸ್‌ಟ್ರಾ ಟ್ಯೂಬ್ ಇದ್ಯಾ?"

"ಇಲ್ರಿ."

"ಪರ್ವಾಗಿಲ್ಲ, ನನ್ ಹತ್ರ ಇದೆ." ಅವಳು ರಸ್ತೆಯ ಪಕ್ಕ ಕೂತು ಗಾಲಿ ಬಿಚ್ಚತೊಡಗಿದಳು. ಕೈ ಅಷ್ಟು ಪಳಗಿರಲಿಲ್ಲ, ಬಾಯಿ ಮಾತ್ರ ಬಿಡುವಿಲ್ಲದೆ ಆಡುತ್ತಿತ್ತು. ತನ್ನದು ತುಮಕೂರು ಎಂದಳು. ಇಲ್ಲಿ ಪೀಜಿಯವರು ಸಾಂಬಾರಿಗೆ ಬೆಲ್ಲ ಸುರಿಯುತ್ತಾರೆ ಎಂದು ಬೈದಳು. "ಮನೇಲಿ ಆಂಟಿ ಇದಾರಾ?" ಎಂದು ಕೇಳಿದಳು.

"ಇಲ್ಲವಾ. ತೀರಿಕೊಂಡ್ಳು."

"ಸಾರಿ ಅಂಕಲ್," ಎಂದು, ಟೈರಿನ ಅಂಚು ಕೀಳುತ್ತ ಮತ್ತೆ ಮಾತಿಗೆ ಹತ್ತಿದಳು. ತಮ್ಮೊಡನೆ ಇಷ್ಟೊಂದು ಕನ್ನಡದ ಮಾತು ಆಡಿದವರು ಎಷ್ಟು ಕಾಲದಿಂದ ಇರಲಿಲ್ಲ! ಗೂಳಪ್ಪನವರು ಬಿಸಿಲಿಗೆ ಕೂತವರಂತೆ ಕೂತು ಕೇಳಿದರು.

ಹಳೇ ಟ್ಯೂಬು ಹೊರಗೆ ಬಂತು. ಈಗ ಟೈರಿನ ಒಳಗೆ ಬಟ್ಟೆ ಆಡಿಸಿ, ಚುಚ್ಚಿದ ತಂತಿಯನ್ನು ಹುಡುಕಿ ಕೀಳಬೇಕು. ಅವಳಿಗೆ ಅದು ಹೊಳೆಯಲಿಲ್ಲ. ತಂತಿಯ ತುದಿ ಇವರ ಕಣ್ಣೆದುರೇ ಮಿನುಗುತ್ತಿತ್ತು. ಹೇಳಿದರೆ ಕೆಲಸ ಸಲೀಸಾಗಿ ಮುಗಿಯುತ್ತಿತ್ತು. ಮುಗಿದರೆ ಅವಳು ಹೋಗುತ್ತಿದ್ದಳು. ಗೂಳಪ್ಪನವರು ಹೇಳಲಿಲ್ಲ.

ಅವಳು ಹೊಸ ಟ್ಯೂಬು ಕೂರಿಸಿ, ಬೆವರು ಸುರಿಸಿ ಗಾಳಿ ಹೊಡೆದಳು. ಗಾಲಿ ಗಟ್ಟಿಯಾಯಿತು. "ಆಯ್ತು ಅಂಕಲ್!" ಎಂದು ಏಳುವಷ್ಟರಲ್ಲಿ ಮತ್ತೆ ಬುಸ್ಸ್ ಎಂದಿತು.

ಇಂಪನಾಳ ಮುಖ ಸಪ್ಪಗಾಯಿತು. "ಇದ್ದಿದ್ದೇ ಒಂದು ಟ್ಯೂಬು," ಎಂದು ಕೈ ಚೆಲ್ಲಿ ಕೂತಳು. ಕೈಯೆಲ್ಲ ಕರಿ, ಒಂದು ಬೆರಳು ತರಚಿ ರಕ್ತ ಒಸರುತ್ತಿತ್ತು. "ಸಾರಿ ಅಂಕಲ್, ನಂಗೆ ಸರಿಯಾಗಿ ಬರಲ್ಲ."

ಅವಳು ಕ್ಷಮೆ ಕೇಳಿದಳಲ್ಲ, ಅದನ್ನು ತಡೆಯುವುದು ಗೂಳಪ್ಪನವರಿಂದ ಆಗಲಿಲ್ಲ. ಎದ್ದು ಹೋಗಿ ಸೀಟಿನ ಕೆಳಗಿನ ಚೀಲ ತೆರೆದು, ಒಳಗಿದ್ದ ಸಾಮಾನನ್ನೆಲ್ಲ ಅವಳ ಮುಂದೆ ಇಟ್ಟರು.

"ಅಂಕಲ್! ಎಲ್ಲಾ ಇದೆಯಲ್ಲ! ಮತ್ಯಾಕೆ ನನ್ನ ಒದ್ದಾಡ್ಸಿದ್ರಿ?" ಅವಳಿಗೆ ನಿಜಕ್ಕೂ ಸಿಟ್ಟು ಬಂದಿತ್ತು.

"ಎಲ್ಲಾ ಅದ ವಾ," ಎಂದರು ಗೂಳಪ್ಪನವರು. "ಸಾಮಾನೆಲ್ಲಾ ಅದ. ಮಾತಾಡಾಕ ಯಾರೂ ಇಲ್ಲ. ನೀ ಸ್ವಲ್ಪ ಹೊತ್ತು ಕುಂದರ್ಲಿ ಅಂತ ಸುಳ್ಳು ಹೇಳಿದೆ. ಆ ತಂತೀನೂ ನೋಡಿದ್ದೆ. ತಪ್ಪಾತು."

ಇಂಪನಾ ಪಕ್ಕಕ್ಕೆ ಸರಿದು ಜಾಗ ಬಿಟ್ಟಳು. ಗೂಳಪ್ಪನವರು ತಂತಿ ಕಿತ್ತು, ತಮ್ಮ ಟ್ಯೂಬು ಹಾಕಿ, ಹೆಬ್ಬೆರಳಿನಿಂದ ಒತ್ತಿ ಟೈರು ಕೂರಿಸಿದರು. ಉಳಿದ ಇನ್ನೊಂದು ಟ್ಯೂಬನ್ನು ಅವಳಿಗೆ ಕೊಟ್ಟರು. ಅವಳು ತೆಗೆದುಕೊಂಡಳು. ಸೈಕಲ್ಲು ಹತ್ತುವ ಮುನ್ನ ತಿರುಗಿ, "ಮೇಲೆ ಟೀ ಕುಡಿಯೋಣ, ಬರ್ತೀರಾ?" ಎಂದಳು.

"ಬ್ಯಾಡವಾ, ನಿನಗ ಮೊದಲಽ ಹೊತ್ತಾಗೇದ."

ಹುಟ್ಟಿದಾಗಿನಿಂದ ಬಂದ ನಾಲಿಗೆ, ಏನು ಮಾಡುತ್ತೀರಿ! "ಸರಿ ಅಂಕಲ್," ಎಂದು ಅವಳು ಪೆಡಲು ತುಳಿದಳು. ಅವಳ ಬೆನ್ನು ತಿರುವಿನ ಕಡೆ ಸರಿಯಿತು. ಈ ತಿರುವು ದಾಟಿದರೆ ಮತ್ತೆ ಅದೇ ಕೈ ಎತ್ತುವುದು, ಅದೇ ಬೆಂಚಿನ ತುದಿ. ಗೂಳಪ್ಪನವರು ಸೈಕಲ್ಲು ತಳ್ಳಿಕೊಂಡು ಎರಡು ಹೆಜ್ಜೆ ಓಡಿದರು.

"ಇಂಪನಾ! ಬೇಕು! ನನಗ ಚಹಾ ಬೇಕು!"

ಘಾಟಿಗೆಲ್ಲ ಕೇಳಿಸುವಂತೆ ಕೂಗಿದ್ದರು. ಎದುರಿನಿಂದ ಇಳಿಯುತ್ತಿದ್ದ ಲಾರಿಯ ಡ್ರೈವರು ತಲೆ ಹೊರಗೆ ಹಾಕಿ ನೋಡಿದ. ಇಂಪನಾ ಕಾಲೂರಿ ನಿಂತಳು. ಇವರು ಏದುಸಿರು ಬಿಡುತ್ತ ಹತ್ತಿರ ಬರುವವರೆಗೆ ನಿಂತೇ ಇದ್ದಳು.

ಅಂಗಡಿ ಮುಟ್ಟುವಷ್ಟರಲ್ಲಿ ಅವಳ ಗುಂಪು ಇಳಿದು ಹೋಗಿತ್ತು. ಇಬ್ಬರೇ ಬೆಂಚಿನ ಮೇಲೆ ಕೂತರು. "ಬೇಡ ಅಂದ್ರಲ್ಲ ಅಂಕಲ್, ಮತ್ತೇನಾಯ್ತು?" ಎಂದು ಅವಳು ಕೇಳಿದಳು.

"ನಮ್ಮ ಕಡೆ ಮೊದಲನೇ ಸಲ ಹೂಂ ಅನ್ನೂದಿಲ್ಲವಾ. ಎರಡನೇ ಸಲ ಕೇಳಬೇಕು."

"ನಮ್ ಕಡೆ ಬೇಡ ಅಂದ್ರೆ ಬೇಡ ಅಷ್ಟೇ," ಎಂದಳು ಇಂಪನಾ. ಆಮೇಲೆ ಏನೋ ನೆನಪಾದವಳಂತೆ ಇವರ ಮುಖ ನೋಡಿದಳು. "ಅಂದ್ರೆ ಆವತ್ತು ಪುನೀತ ಕರ್ದಾಗ... ನಾನು ಟೀ ಕೇಳಿದಾಗ..."

ಗೂಳಪ್ಪನವರು ಹೌದೆಂದು ತಲೆಯಾಡಿಸಿ ಕಪ್ಪು ಎತ್ತಿದರು. ಚಹಾ ಬಿಸಿಯಾಗಿತ್ತು, ಶುಂಠಿ ಜಾಸ್ತಿಯಾಗಿತ್ತು. ಇಬ್ಬರೂ ಕುಡಿದು ಮುಗಿಸಿದರು.

"ಇನ್ನೊಂದು ಕಪ್ ಅಂಕಲ್?"

"ಬ್ಯಾಡ ಬ್ಯಾಡ, ಸಾಕು," ಎಂದು ಗೂಳಪ್ಪನವರು ಖಾಲಿ ಕಪ್ಪಿನ ಮೇಲೆ ಕೈ ಅಡ್ಡ ಹಿಡಿದರು.

ಇಂಪನಾ ಆ ಕೈಯನ್ನು ನೋಡಿದಳು. ಅಂಗಡಿಯವನ ಕಡೆ ತಿರುಗಿ, "ಭೈಯಾ, ಇವರು ಸುಮ್ನೆ ಹಾಗೆ ಹೇಳ್ತಾರೆ. ಏಕ್ ಔರ್ ಡಾಲೋ," ಎಂದಳು.

ಅಂಗಡಿಯವನಿಗೆ ಕನ್ನಡ ತಿಳಿಯಲಿಲ್ಲ, ಹಿಂದಿ ತಿಳಿಯಿತು. ಕಿಟ್ಲಿ ತಂದು ನಿಂತ. ಗೂಳಪ್ಪನವರು ಕೈ ತೆಗೆದರು. ಕಣ್ಣೀರು ತುಂಬಿ ಬಂದು ಕಪ್ಪು ಎಲ್ಲಿದೆ ಎಂಬುದೇ ಕಾಣದಾಗಿ, ಇಂಪನಾಳೇ ಅದನ್ನು ಹಿಡಿದು ಚಹಾ ಹಾಕಿಸಿ, ಅವರ ಮುಂದೆ ಇಟ್ಟಳು.