ಜಾವಕದ ನಾಗಲಿಂಗಪ್ಪನವರ ಎರಡು ಅಂಚೆಪೆಟ್ಟಿಗೆಗಳು

ದಾಂಡೇಲಿಯ ಕಾಗದದ ಕಾರ್ಖಾನೆಯಲ್ಲಿ ಮೂವತ್ತನಾಲ್ಕು ವರ್ಷ ದುಡಿದು ನಿವೃತ್ತರಾದ ನಾಗಲಿಂಗಪ್ಪನವರನ್ನು ಊರು ಇಂದಿಗೂ ‘ಜಾವಕದ ನಾಗಲಿಂಗಪ್ಪ’ ಎಂದೇ ಗುರುತಿಸುತ್ತದೆ. ಒಳಗೆ ಬರುವ ಪತ್ರಗಳನ್ನು ಬರೆದಿಡುವ ಪುಸ್ತಕ ಆವಕ. ಹೊರಗೆ ಹೋಗುವ ಪತ್ರಗಳನ್ನು ಬರೆದಿಡುವ ಪುಸ್ತಕ ಜಾವಕ. ಎರಡೂ ಅವರ ಮೇಜಿನ ಮೇಲೇ ಇರುತ್ತಿದ್ದವು. ಅವರ ಕೈ ದಾಟಿದ ಒಂದು ಪತ್ರವೂ ದಾರಿ ತಪ್ಪಿತೆಂಬ ದೂರು ಬಂದುದಿಲ್ಲ. ಅಂಥವರು, ಹೆಂಡತಿ ಒಂಬತ್ತು ವರ್ಷ ಕಾದಿದ್ದ ಪತ್ರವನ್ನು ತಮ್ಮ ಹೆಬ್ಬೆರಳಿನಿಂದಲೇ ಒರೆಸಿಹಾಕಿದರು.

ಅದು ಹೇಗಾಯಿತೆಂದು ತಿಳಿಯಬೇಕಾದರೆ ಅಸಲು–ನಕಲಿನ ವಿಚಾರ ತಿಳಿದಿರಬೇಕು. ಕಾರ್ಖಾನೆಯಲ್ಲಿ ಪ್ರತಿಯೊಂದು ಪತ್ರಕ್ಕೂ ನೀಲಿ ಕಾರ್ಬನ್ ಹಾಳೆ ಇಟ್ಟು ನಕಲು ತೆಗೆಯುತ್ತಿದ್ದರು. ಅಸಲು ಹೋಗಬೇಕಾದಲ್ಲಿಗೆ ಹೋಗುತ್ತಿತ್ತು; ನಕಲು ಕಡತದಲ್ಲಿ ಕೂರುತ್ತಿತ್ತು. ಐದು ವರ್ಷಕ್ಕೊಮ್ಮೆ ಹಳೆಯ ನಕಲುಗಳನ್ನೆಲ್ಲ ಕಟ್ಟು ಕಟ್ಟಿ, ಕೈಗಾಡಿಯ ಮೇಲೆ ಹೇರಿ, ತಿರುಳು ಕುದಿಯುವ ತೊಟ್ಟಿಗೆ ಸಾಗಿಸುತ್ತಿದ್ದರು. ಗಾಡಿಯ ಹಿಂದೆ ನಾಗಲಿಂಗಪ್ಪನವರೇ ನಡೆದುಹೋಗುತ್ತಿದ್ದರು. ತಾವು ಬರೆದಿಟ್ಟ ಅಕ್ಷರಗಳು ಮೆತ್ತಗಾಗಿ, ಬೆಳ್ಳಗಾಗಿ, ಮತ್ತೆ ಕಾಗದವಾಗಿ ಹೊರಬರುವುದನ್ನು ನೋಡಿ ಅವರಿಗೆ ಒಂದಿಷ್ಟೂ ಬೇಸರವಾಗುತ್ತಿರಲಿಲ್ಲ. ಅಸಲು ಇದ್ದಲ್ಲಿ ಇದೆಯಲ್ಲ, ನಕಲಿಗೇಕೆ ಅಳಬೇಕು?

ನಿವೃತ್ತಿಯ ಮೇಲೆ ಒಂದು ಮೊಬೈಲು ಬಂತು. ಅದರ ಜೊತೆಗೇ, ಮೊದಲಿನಿಂದಲೇ ಅದರೊಳಗಿದ್ದ ಒಂದು ಮಿಂಚಂಚೆಯ ಆ್ಯಪ್ ಬಂತು. ನೀಲಿ ಲಕೋಟೆಯ ಗುರುತು. ದಪ್ಪ ಅಕ್ಷರ, ತಾರೀಖಿನ ಪ್ರಕಾರ ಸಾಲಾಗಿ ಪತ್ರಗಳು. ನಾಗಲಿಂಗಪ್ಪನವರಿಗೆ ಅದು ಹಿಡಿಸಿತು. ಆದರೆ ಬಸ್ ನಿಲ್ದಾಣದ ಹತ್ತಿರ ಹದಿನೈದು ವರ್ಷಗಳಿಂದ ಮೊಬೈಲ್ ರಿಪೇರಿಯ ಅಂಗಡಿ ಇಟ್ಟಿರುವ ಸಾಗರ, ಪರದೆಗೆ ಗಾಜು ಹಚ್ಚಿಕೊಡುವಾಗ ಸುಮ್ಮನಿರಲಿಲ್ಲ.

“ಕಾಕಾರ, ಫೋನಿನ ಜೋಡಿ ಬಂದದ್ದು ಭಾಳ ಸಾದಾ ಇರ್ತೈತ್ರಿ. ಪತ್ರ ತಡಾ ಬರ್ತಾವು. ಹೊರಗಿನ ಕಂಪನೀದು ಛಲೋದೊಂದು ಹಾಕಿಕೊಡ್ತೇನಿ. ಅದು ಪತ್ರಾನ ತಾನ ವಿಂಗಡಿಸ್ತೈತಿ.”

“ವಿಂಗಡಿಸೂದು ನನ್ನ ಕೆಲಸ ಅಲ್ಲೇನೋ?”

“ನೀವು ರಿಟೈರ್ ಆಗೀರಲ್ರಿ!”

ಹಾಗೆ ಹಳದಿ ಪಾರಿವಾಳದ ಗುರುತಿನ ಇನ್ನೊಂದು ಆ್ಯಪ್ ಒಳಗೆ ಬಂದು ಕುಳಿತಿತು. ಬಂದ ಮೊದಲ ದಿನವೇ ಅದು, ‘ನಿಮ್ಮ ಪರಿಚಯದವರ ಪಟ್ಟಿಯನ್ನು ನೋಡಬಹುದೇ?’ ಎಂದು ಕೇಳಿತು.

“ಪತ್ರಾ ತರೂ ಹಕ್ಕಿಗೆ ನನ್ನ ಬೀಗರ ನಂಬರ್ ಯಾಕ ಬೇಕಂತ?” ಎಂದು ನಾಗಲಿಂಗಪ್ಪನವರು ಅಡುಗೆಮನೆಯತ್ತ ಕೂಗಿದರು.

“ಬ್ಯಾಡಂದ್ರ ಒಂದು ತಗದುಬಿಡ್ರಿ. ಎರಡೆರಡು ಯಾಕ ಸಾಕೀರಿ?” ಎಂದರು ಅವರ ಹೆಂಡತಿ ಅನ್ನಪೂರ್ಣಾಬಾಯಿ.

ಸಾಕಿದರು. ಒಂದು ಸಾದಾ, ಒಂದು ಚುರುಕು; ಯಾವುದನ್ನು ಬಿಡುವುದೆಂದು ಆರು ತಿಂಗಳಾದರೂ ನಿಶ್ಚಯವಾಗಲಿಲ್ಲ. ಒಂದು ಪತ್ರ ಬಂದರೆ ಪಾರಿವಾಳ ‘ಟಿಂಗ್’ ಎನ್ನುತ್ತಿತ್ತು. ಸ್ವಲ್ಪ ಹೊತ್ತಿನ ಮೇಲೆ ಲಕೋಟೆ ‘ಟುಂಯ್’ ಎನ್ನುತ್ತಿತ್ತು. ಎರಡು ಸಲ ಬಂದುದರಿಂದ ನಾಗಲಿಂಗಪ್ಪನವರು ತಮಗೆ ಗೊತ್ತಿದ್ದ ಒಂದೇ ಅರ್ಥ ಹಚ್ಚಿಕೊಂಡರು. ಲಕೋಟೆಯದು ಅಸಲು; ಪಾರಿವಾಳದ್ದು ನಕಲು. ಇಷ್ಟಾದ ಮೇಲೆ ಹಳೆಯ ಚಾಳಿ ಬಿಟ್ಟೀತೇ? ನೂರು ಹಾಳೆಯ ಒಂದು ವಹಿಯ ಮೇಲೆ ‘ಆವಕ’ ಎಂದು ಬರೆದು, ಬಂದ ಪ್ರತಿಯೊಂದು ಮಿಂಚಂಚೆಯ ತಾರೀಖು, ಸಂಖ್ಯೆ, ವಿಷಯ, ವಿಳಾಸಗಳನ್ನು ದುಂಡಗಿನ ಅಕ್ಷರದಲ್ಲಿ ಇಳಿಸತೊಡಗಿದರು. ಅದನ್ನು ಕಂಡಾಗಲೆಲ್ಲ ಅನ್ನಪೂರ್ಣಾಬಾಯಿಯವರು ಹಣೆ ಬಡಿದುಕೊಳ್ಳುತ್ತಿದ್ದರು.

ಅನ್ನಪೂರ್ಣಾಬಾಯಿಯವರದು ಜೊಯಿಡಾದ ಒಂದು ಸರಕಾರಿ ಕಚೇರಿಯಲ್ಲಿ ಗುಮಾಸ್ತೆಯ ಕೆಲಸ. ಒಂಬತ್ತು ವರ್ಷಗಳಿಂದ ಬೆಳಿಗ್ಗೆ ದಾಂಡೇಲಿಯಲ್ಲಿ ಬಸ್ ಹತ್ತಿ, ಕಾಡಿನ ತಿರುವುಗಳಲ್ಲಿ ಕಂಬಿ ಹಿಡಿದು ನಿಂತು ಹೋಗುವುದು, ಸಂಜೆ ಹಾಗೆಯೇ ಬರುವುದು. ಒಂದು ಬಸ್ ತಪ್ಪಿದರೆ ಮುಂದಿನದು ಯಾವಾಗಲೋ. ಈ ಎರಡು ವರ್ಷಗಳಿಂದ ಮೊಣಕಾಲು ಕೇಳುತ್ತಿರಲಿಲ್ಲ. ಬಸ್ಸಿನ ಮೊದಲ ಮೆಟ್ಟಿಲಿಗೆ ಎರಡೂ ಕೈ ಕೊಟ್ಟು ಹತ್ತಬೇಕಾಗಿತ್ತು. ನೌಕರಿ ಇನ್ನೂ ಆರು ವರ್ಷ ಉಳಿದಿತ್ತು. ದಾಂಡೇಲಿಗೆ ವರ್ಗ ಕೇಳಿ ಕೇಳಿ ಸಾಕಾಗಿತ್ತು. ಅರ್ಜಿಯಲ್ಲಿ ಮಿಂಚಂಚೆಯ ವಿಳಾಸ ಬೇಕೆಂದಾಗ, “ಪತ್ರವ್ಯವಹಾರ ನನಗ ಬಿಡು” ಎಂದು ನಾಗಲಿಂಗಪ್ಪನವರು ಎದೆ ಮುಟ್ಟಿಕೊಂಡು ಹೇಳಿ, ತಮ್ಮ ವಿಳಾಸವನ್ನೇ ಕೊಟ್ಟಿದ್ದರು.

ಆ ಪತ್ರ ಒಂದು ಸೋಮವಾರ ಬಂತು. ದಾಂಡೇಲಿಯಲ್ಲಿ ಒಂದು ಹುದ್ದೆ ತೆರವಾಗಿದೆ; ಒಪ್ಪಿಗೆ ಇದ್ದರೆ ಶುಕ್ರವಾರ ಸಂಜೆ ಐದು ಗಂಟೆಯೊಳಗಾಗಿ ಕೆಳಗಿನ ವಿಳಾಸಕ್ಕೆ ಮಿಂಚಂಚೆಯ ಮೂಲಕ ತಿಳಿಸತಕ್ಕದ್ದು; ತಪ್ಪಿದಲ್ಲಿ ಪಟ್ಟಿಯಲ್ಲಿ ಮುಂದಿನವರನ್ನು ಪರಿಗಣಿಸಲಾಗುವುದು.

“ಒಪ್ಪಿಗೆ ಐತಿ ಅಂತ ಎರಡು ಶಬ್ದ ಬರದು ಕಳಿಸ್ರಿ,” ಎಂದರು ಅನ್ನಪೂರ್ಣಾಬಾಯಿ.

“ಎರಡು ಶಬ್ದದಾಗ ಸರಕಾರಕ್ಕ ಬರೀತಾರೇನು? ಉಲ್ಲೇಖ ಬೇಕು, ವಿಷಯ ಬೇಕು, ಕರ್ತೃ ಕರ್ಮ ಕ್ರಿಯಾಪದ ಒಂದು ಸಾಲಿನಾಗ ಕೂಡ್ರಬೇಕು.”

ಸೋಮವಾರ ಒಂದು ಕರಡಾಯಿತು, ಮಂಗಳವಾರ ಎರಡನೆಯದು. ಬುಧವಾರ ‘ಸವಿನಯ’ ಸಾಕೋ, ‘ಸವಿನಯ ಪೂರ್ವಕ’ ಬೇಕೋ ಎಂಬಲ್ಲಿ ಕೆಲಸ ನಿಂತಿತು. “ಶುಕ್ರವಾರ ಮುಗದ ಮ್ಯಾಲ ಕಳಿಸ್ರಿ ಮತ್ತ,” ಎಂದು ಚುಚ್ಚಿ ಅನ್ನಪೂರ್ಣಾಬಾಯಿ ಗುರುವಾರ ಬೆಳಿಗ್ಗೆ ಬಸ್ಸಿಗೆ ನಡೆದರು.

ಅದೇ ಗುರುವಾರ ಹತ್ತು ಗಂಟೆಗೆ ಮೊಬೈಲು, ಇನ್ನು ಜಾಗವಿಲ್ಲವೆಂದು ಗೊಣಗಿತು. ನಾಗಲಿಂಗಪ್ಪನವರು ಕನ್ನಡಕ ಏರಿಸಿ ನೋಡಿದರು. ಒಂದೊಂದು ಪತ್ರಕ್ಕೂ ಎರಡೆರಡು ಪ್ರತಿ; ಜಾಗ ಎಲ್ಲಿಂದ ಉಳಿಯಬೇಕು? ನಕಲುಗಳನ್ನು ತೆಗೆಯಬೇಕು, ಅಷ್ಟೇ. ಪಾರಿವಾಳವನ್ನು ತೆರೆದು, ಎಲ್ಲವನ್ನೂ ಆರಿಸಿ, ಹೆಬ್ಬೆರಳು ಒತ್ತಿದರು. ಇನ್ನೂರ ಹದಿನೆಂಟು ಪತ್ರಗಳು ಕಸದ ಬುಟ್ಟಿಗೆ ಹೋದವು. ಬುಟ್ಟಿ ತುಂಬಿದೆಯೆಂದು ಕಂಡಿತು. ಬುಟ್ಟಿಯಲ್ಲಿ ಕಸ ಬಿಟ್ಟು ಮನೆಗೆ ಹೋಗುವ ಗುಮಾಸ್ತರು ಅವರಲ್ಲ. ಅದನ್ನೂ ಬರಿದು ಮಾಡಿ, ತೊಟ್ಟಿಗೆ ಗಾಡಿ ಒಯ್ದುಬಂದ ದಿನದಂತೆ ಕೈ ಝಾಡಿಸಿಕೊಂಡು, ಒಂದು ಕಪ್ಪು ಚಹಾ ಮಾಡಿಕೊಂಡು ಕುಡಿದರು.

ಸಂಜೆ ಅನ್ನಪೂರ್ಣಾಬಾಯಿ ಬಂದು, ಚಪ್ಪಲಿ ಕಳಚುತ್ತಲೇ ಕೇಳಿದರು: “ಕಳಿಸಿದ್ರಿ?”

“ಈಗ ನಿನ್ನ ಮುಂದ ಕಳಿಸ್ತೇನಿ,” ಎಂದು ಅವರು ನೀಲಿ ಲಕೋಟೆಯನ್ನು ಒತ್ತಿದರು. ‘ಯಾವ ಪತ್ರವೂ ಇಲ್ಲ.’ ಮುಚ್ಚಿ ಮತ್ತೆ ತೆರೆದರು. ಫೋನನ್ನೇ ಆರಿಸಿ ಹಚ್ಚಿದರು. ಅಂಗಿಯ ತುದಿಯಿಂದ ಪರದೆ ಒರೆಸಿದರು. ಯಾವ ಪತ್ರವೂ ಇಲ್ಲ.

“ಏನಾತು?”

“ನಾ ನಕಲು ಅಷ್ಟ ತಗದಿದ್ದೆ, ಅನ್ನಪೂರ್ಣಾ. ಅಸಲಿಗೆ ಕೈ ಹಚ್ಚಿಲ್ಲ.”

ಅನ್ನಪೂರ್ಣಾಬಾಯಿ ನಿಧಾನವಾಗಿ ಕುರ್ಚಿಯ ಮೇಲೆ ಕುಳಿತು ಮೊಣಕಾಲ ಮೇಲೆ ಅಂಗೈ ಇಟ್ಟುಕೊಂಡರು. “ಆರು ವರ್ಷ ಉಳದಾವ್ರಿ ನಂದು. ಆರು ವರ್ಷ ಆ ಬಸ್ಸಿನ ಮೆಟ್ಟಲಾ ಹತ್ತಬೇಕು ನಾ. ನಿಮ್ಮ ನಕಲಿಗೆ ಬೆಂಕಿ ಹತ್ತಲಿ,” ಎಂದರು. ಕೂಗಿದ್ದರೆ ನಾಗಲಿಂಗಪ್ಪನವರಿಗೆ ತಡೆದುಕೊಳ್ಳುವುದು ಸುಲಭವಾಗುತ್ತಿತ್ತು. ಅವರು ಕೂಗಲಿಲ್ಲ.

ಶುಕ್ರವಾರ ಅನ್ನಪೂರ್ಣಾಬಾಯಿಗೆ ರಜೆ ಸಿಗಲಿಲ್ಲ. ಎಂದಿನ ಬಸ್ಸಿಗೇ ಹೋದರು. ನಾಗಲಿಂಗಪ್ಪನವರು ಜಿಲ್ಲಾ ಕಚೇರಿಗೆ ಫೋನು ಹಚ್ಚತೊಡಗಿದರು. ಮಧ್ಯಾಹ್ನ ಮೂರಕ್ಕೆ ಯಾರೋ ಎತ್ತಿ, “ಬಾಯಿಮಾತು ನಡೆಯೋದಿಲ್ಲ, ಬರಹದಲ್ಲೇ ಬೇಕು, ವಿಳಾಸ ಆ ಪತ್ರದಲ್ಲೇ ಇದೆಯಲ್ಲ, ನೋಡಿ” ಎಂದು ಇಟ್ಟುಬಿಟ್ಟರು. ಆ ಪತ್ರ ಇದ್ದಿದ್ದರೆ ಇವರು ಏಕೆ ಫೋನು ಮಾಡುತ್ತಿದ್ದರು? ಮತ್ತೆ ಹಚ್ಚಿದರೆ ಯಾರೂ ಎತ್ತಲಿಲ್ಲ. ಆಗ ವಹಿ ನೆನಪಾಗಿ, ಅದನ್ನು ಕಂಕುಳಲ್ಲಿ ಇರುಕಿಕೊಂಡು ಸಾಗರನ ಅಂಗಡಿಗೆ ಬಂದರು.

ಸಾಗರ ಎಲ್ಲವನ್ನೂ ಕೇಳಿ ತಲೆ ಕೆರೆದುಕೊಂಡನು. “ಕಾಕಾರ, ಅಸಲು ನಕಲು ಅಂತ ಇಲ್ರಿ. ಪತ್ರ ಇರೂದು ಎಲ್ಲೋ ದೂರದಾಗ, ಒಂದ ಕಡೆ. ಈ ಎರಡೂ ಬರೇ ಕಿಡಕಿ. ಯಾವ ಕಿಡಕ್ಯಾಗ ಕೈ ಹಾಕಿ ತಗದ್ರೂ ಹೋಗೂದು ಅದ ಪತ್ರ.”

“ಹಂಗಾರ ಎರಡು ಸಲ ಯಾಕ ಒದರ್ತಾವು?”

“ಎರಡೂ ಕಿಡಕ್ಯಾಗ ನಿಂತು ನಿಮ್ಮನ್ನ ಕರೀತಾವ್ರಿ.”

“ಇದನ್ನ ಹಾಕಿಕೊಡೂ ಮುಂದ ಹೇಳಬೇಕಿತ್ತಲ್ಲೋ!”

“ನೀವು ಹಳೇದು ಇಟಗೊಂಡೀರಂತ ನನಗ ಕನಸು ಬಿದ್ದಿತ್ತೇನ್ರಿ?”

ನಾಗಲಿಂಗಪ್ಪನವರಿಗೆ ಸಿಟ್ಟು ಬಂತು; ಹಕ್ಕಿಯ ಮೇಲೆ, ಲಕೋಟೆಯ ಮೇಲೆ, ಸಾಗರನ ಮೇಲೆ, ಎಲ್ಲರಿಗಿಂತ ಹೆಚ್ಚಾಗಿ ತಮ್ಮ ಹೆಬ್ಬೆರಳಿನ ಮೇಲೆ. ವಹಿಯನ್ನು ಗಾಜಿನ ಮೇಜಿನ ಮೇಲೆ ಎತ್ತಿಹಾಕಿದರು. “ಇದರಾಗ ವಿಳಾಸ ಐತಿ. ಬರಕೋ.”

ಸಾಗರ ಪುಟ ತಿರುವಿ ಬಗ್ಗಿ ನೋಡಿದನು. ಅಲ್ಲಿ ನಾಗಲಿಂಗಪ್ಪನವರ ದುಂಡಗಿನ ಕೈಬರಹದಲ್ಲಿ, ಅಚ್ಚ ಕನ್ನಡದಲ್ಲಿ, ‘ಸಿಬ್ಬಂದಿ ಡಾಟ್ ವರ್ಗ’ ಎಂದು ಬರೆದಿತ್ತು. ವಹಿಯಲ್ಲಿ ಪರಭಾಷೆಯ ಲಿಪಿ ಬರಕೂಡದೆಂಬುದು ಅವರ ನೇಮ. ಸರಕಾರಿ ವಿಳಾಸಗಳಿಗೆಲ್ಲ ಒಂದೇ ಆಗಿರುವ ಕೊನೆಯ ಬಾಲ ಸಾಗರನಿಗೆ ಬಾಯಿಪಾಠ, ತೊಂದರೆ ತಲೆಯದು.

“ಕಾಕಾರ, ಇದನ್ನ ಇಂಗ್ಲಿಷಿನಾಗ ಹೆಂಗ ಬರದಿದ್ರು? ‘ದಿ’ಗೆ ಎಚ್ ಇತ್ತೋ ಇಲ್ಲೋ?”

“ಅಲ್ಪಪ್ರಾಣ ದಕಾರಕ್ಕ ಎಚ್ ಹೆಂಗ ಬರ್ತೈತಿ?”

“ಇಂಗ್ಲಿಷಿನಾಗ ಪ್ರಾಣಾ ಗೀಣಾ ಇಲ್ರಿ. ನನ್ನ ಪ್ರಾಣ ಹೊಂಟೈತಿ. ‘ವರ್ಗ’ಕ್ಕ ವಿ ಇತ್ತೋ ಡಬ್ಲ್ಯೂ ಇತ್ತೋ?”

ನಾಗಲಿಂಗಪ್ಪನವರು ಕಣ್ಣು ಮುಚ್ಚಿ ನೆನೆದರು. ಕಾರ್ಖಾನೆಯ ಮೊದಲ ವರ್ಷದ ಜಾವಕ ಸಂಖ್ಯೆಗಳು ನೆನಪಾದವು. ನಾಲ್ಕು ದಿನದ ಹಿಂದೆ ನೋಡಿದ ವಿಳಾಸ ನೆನಪಾಗಲಿಲ್ಲ. ಗೋಡೆಯ ಗಡಿಯಾರದಲ್ಲಿ ನಾಲ್ಕೂ ಇಪ್ಪತ್ತು.

“ನಾಲ್ಕ ನಮೂನಿ ಆಗಬಹುದು,” ಎಂದನು ಸಾಗರ. “ನಾಲ್ಕಕ್ಕೂ ಒಮ್ಮೆಲೆ ಒಗದುಬಿಡ್ತೇನಿ. ಖರೇದಕ್ಕ ಮುಟ್ಟತೈತಿ, ಸುಳ್ಳು ಮೂರು ವಾಪಸ್ ಬರ್ತಾವು.”

“ಒಂದು ಪತ್ರ ನಾಲ್ಕು ವಿಳಾಸಕ್ಕ? ಅದು ಮತ್ತೊಬ್ಬರ ಕೈಗೆ ಸಿಕ್ಕರ? ಮೂವತ್ತನಾಲ್ಕು ವರ್ಷದಾಗ ನಾ ಒಮ್ಮೆನೂ...” ಎಂದು ಶುರುಮಾಡಿದವರು ಅಲ್ಲಿಗೇ ನಿಂತರು. ಎದುರಿನ ನಿಲ್ದಾಣದಲ್ಲಿ ಒಂದು ಬಸ್ ಬಂದು ನಿಂತಿತ್ತು. ಯಾರೋ ವಯಸ್ಸಾದ ಹೆಣ್ಣುಮಗಳು ಎರಡೂ ಕೈಯಿಂದ ಕಂಬಿ ಹಿಡಿದು, ಮೊದಲ ಮೆಟ್ಟಿಲಿಗೆ ಕಾಲು ಎತ್ತಲಾರದೆ ಎತ್ತುತ್ತಿದ್ದಳು. ಹಿಂದಿನವರು ಅವಸರ ಮಾಡುತ್ತಿದ್ದರು.

“ಒಗಿ,” ಎಂದರು ನಾಗಲಿಂಗಪ್ಪನವರು. “ಕರಡು ಬ್ಯಾಡ. ಹೆಸರು, ಹುದ್ದೆ, ಪತ್ರದ ಸಂಖ್ಯೆ ವಹಿಯಾಗ ಐತಿ. ಕೆಳಗ ‘ಒಪ್ಪಿಗೆ ಐತಿ’ ಅಂತ ಬರಿ.”

“‘ಇದೆ’ ಅಂತ ಬರೀಲೇನ್ರಿ?”

“ಏನರ ಬರಿಯೋ ಮಾರಾಯ!”

ಹೋಯಿತು. ಅರ್ಧ ನಿಮಿಷದೊಳಗೆ, ಸಾಗರನ ಕೈಯಲ್ಲಿದ್ದ ನಾಗಲಿಂಗಪ್ಪನವರ ಫೋನು ಒದರತೊಡಗಿತು. ಟಿಂಗ್. ಟಿಂಗ್. ಟುಂಯ್. ಟಿಂಗ್. ಟುಂಯ್. ಮರಳಿಬಂದವು ಮೂರೋ ನಾಲ್ಕೋ ಎಂಬುದೇ ತಿಳಿಯದು. ಹಕ್ಕಿ ಒಂದು ಕಡೆಯಿಂದ ಕೂಗಿದರೆ ಲಕೋಟೆ ಇನ್ನೊಂದು ಕಡೆಯಿಂದ ಅದನ್ನೇ ಕೂಗುತ್ತದೆ. ನಾಗಲಿಂಗಪ್ಪನವರು ಬೆರಳು ಮಡಿಸಿ ಎಣಿಸಿದರು, ತಪ್ಪಿದರು, ಮತ್ತೆ ಮೊದಲಿನಿಂದ ಎಣಿಸಿದರು. “ಇದರ ಬಾಯಿ ಮುಚ್ಚಸೋ ಮೊದಲ!” ಎಂದು ಗದರಿದರು. ಇನ್ನೊಂದು ಟುಂಯ್ ಆಗಿ ಸುಮ್ಮನಾಯಿತು. ಒಟ್ಟು ಆರು ಕೂಗು. ಅರ್ಧ ಮಾಡಿದರೆ ಮೂರು. ನಾಲ್ಕನೆಯದು ಮರಳಿಬಂದಿಲ್ಲ.

ಮರಳಿಬಾರದ ಪತ್ರ ಮುಟ್ಟಿದೆ ಎಂದು ಅಂಚೆಯ ಕಾಲದಲ್ಲಿ ಧೈರ್ಯವಾಗಿ ಹೇಳುತ್ತಿದ್ದರು. ಈಗ ಆ ಧೈರ್ಯ ಬರಲಿಲ್ಲ. ಸಾಗರ ತರಿಸಿದ ಚಹಾ ಆರಿಹೋಯಿತು. ನಾಲ್ಕೂ ನಲವತ್ತೆಂಟಕ್ಕೆ ಟಿಂಗ್ ಎಂದಿತು. ‘ತಮ್ಮ ಒಪ್ಪಿಗೆ ಪತ್ರವು ಸ್ವೀಕೃತವಾಗಿದೆ.’ ನಾಗಲಿಂಗಪ್ಪನವರು ಅದನ್ನು ಮೂರು ಸಲ ಓದಿದರು. ಆಮೇಲೆ ಟುಂಯ್ ಎಂದಾಗ ಬೈಯಲಿಲ್ಲ. ಅದರಲ್ಲಿಯೂ ಒಮ್ಮೆ ಓದಿದರು.

ಸಂಜೆ ಬಸ್ಸಿನಿಂದಿಳಿದ ಅನ್ನಪೂರ್ಣಾಬಾಯಿಯವರನ್ನು ಅಂಗಡಿಯ ಬಾಗಿಲಿಗೇ ಕರೆದು ತೋರಿಸಿದರು. ಅವರು ಓದಿದರು, ಉಸಿರು ಬಿಟ್ಟರು, ಮತ್ತು ಸಾಗರನತ್ತ ತಮ್ಮ ಫೋನು ಚಾಚಿದರು. “ತಮ್ಮಾ, ನನ್ನ ಪತ್ರಾ ಇನ್ಮ್ಯಾಲೆ ನನ್ನ ಫೋನಿಗೆ ಬರೂ ಹಂಗ ಮಾಡು. ಇವರದರಾಗ ಒಂದು ತಗದುಬಿಡು.”

“ಯಾವುದು ತಗೀಲ್ರಿ ವೈನಿ? ಖರೇ ಹೇಳ್ತೇನಿ, ಹಕ್ಕಿ ಚುರುಕೈತಿ.”

ಉತ್ತರ ಕೊಟ್ಟವರು ನಾಗಲಿಂಗಪ್ಪನವರು. ಬಸ್ಸಿಗೆ ಕಾಯುತ್ತ, ಮರಳಿಬಂದಿದ್ದ ಪತ್ರಗಳ ಮೇಲೆ ಎರಡನ್ನೂ ಒತ್ತಿ ಒತ್ತಿ ನೋಡಿದ್ದರು. ಒಂದು ಪತ್ರ ತೆಗೆಯಲು ಹೋದರೆ ಲಕೋಟೆ, ‘ಖಚಿತವೇ?’ ಎಂದು ಕೇಳುತ್ತಿತ್ತು; ಪಾರಿವಾಳ ಏನನ್ನೂ ಕೇಳದೆ ಎಸೆಯುತ್ತಿತ್ತು. “ಹಕ್ಕಿ ಹಾರಿಸು,” ಎಂದರು. “ಬೀಗರ ನಂಬರ್ ಕೇಳ್ತೈತಿ, ಖರೇ ಕೇಳಬೇಕಾದ್ದು ಕೇಳಂಗಿಲ್ಲ.”

ವರ್ಗದ ಆದೇಶ ಮೂರು ವಾರಕ್ಕೆ ಬಂತು. ಆಗ ಅನ್ನಪೂರ್ಣಾಬಾಯಿ ರೊಟ್ಟಿ ಬಡಿಯುತ್ತಿದ್ದರು; ಅವರ ಫೋನು ಕಟ್ಟೆಯ ಮೇಲೆ ಒಂದೇ ಸಲ ಟುಂಯ್ ಎಂದಿತು. ನಾಗಲಿಂಗಪ್ಪನವರು ಕನ್ನಡಕ ಹಾಕಿಕೊಂಡು ಓಡಿಬಂದರು.

“ಮುಟ್ಟಬ್ಯಾಡ್ರಿ!” ಹಿಟ್ಟಿನ ಕೈ ಅಡ್ಡ ಬಂತು. “ಅಲ್ಲಿಂದನ ಓದ್ರಿ.”

ಅವರು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಕಟ್ಟೆಯ ಮೇಲೆ ಬಗ್ಗಿ, ಉಲ್ಲೇಖದಿಂದ ಹಿಡಿದು ಸಹಿಯವರೆಗೆ ಗಟ್ಟಿಯಾಗಿ ಓದಿದರು. ಮುಂದಿನ ತಿಂಗಳ ಒಂದನೆಯ ತಾರೀಖಿನಿಂದ ದಾಂಡೇಲಿ. ಮನೆಯಿಂದ ಆ ಕಚೇರಿಗೆ ಹತ್ತು ನಿಮಿಷದ ನಡಿಗೆ, ಒಂದೂ ಮೆಟ್ಟಿಲಿಲ್ಲ. ಅನ್ನಪೂರ್ಣಾಬಾಯಿ ಒಲೆಯ ಕಡೆ ಮುಖ ತಿರುಗಿಸಿಕೊಂಡು ಬಹಳ ಹೊತ್ತು ಒಂದೇ ರೊಟ್ಟಿಯನ್ನು ಬಡಿದರು.

ನಾಗಲಿಂಗಪ್ಪನವರು ವಹಿ ತಂದು ಹೊಸ ಸಂಖ್ಯೆ ಹಾಕಿದರು. ತಾರೀಖು, ವಿಷಯ ಕನ್ನಡದಲ್ಲಿ. ವಿಳಾಸದ ಕಾಲಂ ಬಂದಾಗ ಪೆನ್ನು ಒಂದು ಗಳಿಗೆ ನಿಂತಿತು. ಆಮೇಲೆ, ನೇಮವನ್ನು ಬದಿಗಿಟ್ಟು, ಒಂದೊಂದೇ ಅಕ್ಷರವನ್ನು ಫೋನಿನಲ್ಲಿ ನೋಡಿ ನೋಡಿ ಇಂಗ್ಲಿಷಿನಲ್ಲಿ ಇಳಿಸಿದರು.

“ಎಚ್ ಇತ್ತೇನ್ರಿ?” ಎಂದು ಒಲೆಯ ಕಡೆಯಿಂದ ಪ್ರಶ್ನೆ ಬಂತು; ಅಂಗಡಿಯ ಜಗಳವನ್ನೆಲ್ಲ ಸಾಗರ ಅಂದೇ ಹೇಳಿಬಿಟ್ಟಿದ್ದನು.

“ಇತ್ತು,” ಎಂದರು ನಾಗಲಿಂಗಪ್ಪನವರು ಅಸಮಾಧಾನದಿಂದ. “ಅಲ್ಪಪ್ರಾಣಕ್ಕ ಎಚ್ ಹಾಕ್ಯಾರ. ಯಾರು ಕಲಿಸಿದ್ರೋ ಇವರಿಗೆ.”